ಉಳಿತಾಯದ ಉಸಿರು

ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ಮೇಸ್ತ್ರಿ ತುಟಿ ಬಿಗಿಹಿಡಿದಿದ್ದ. ಎದೆತುಂಬ ಎಳೆದುಕೊಂಡ ಆಮ್ಲಜನಕ ಮಾತಿನಲ್ಲಿ ಸೋರಿಹೋಗಬಾರದು ಎಂಬುದು ಅವನ ಲೆಕ್ಕಾಚಾರ.

ಬೇಕರಿಯಲ್ಲಿ ಇಪ್ಪತ್ತೆರಡು ವರ್ಷ ಹಿಟ್ಟು ನಾದಿದ ಕೈಗಳು ಅವನವು. ವರ್ಷದಿಂದೀಚೆಗೆ ಮೊಣಕೈವರೆಗೂ ಕೆಂಪಗೆ ಊದಿ ಉರಿಯುತ್ತಿದ್ದವು. "ಮೂರು ವಾರ ರಜೆ ತಗೋ. ವಾಸಿಯಾದ್ರೆ ಬಾ, ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೋತೀನಿ," ಎಂದಿದ್ದರು ಯಜಮಾನರು. ಆ ಹೊತ್ತಿಗೆ ಆಸ್ಪತ್ರೆಯಲ್ಲೊಂದು ಪ್ರಯೋಗ ಶುರುವಾಗಿತ್ತು: ಹೆಚ್ಚು ಆಮ್ಲಜನಕ ಉಸಿರಾಡಿದರೆ ಚರ್ಮದ ಉರಿಯೂತ ಇಳಿಯುತ್ತದೆಯೇ ಎಂದು. ಅರ್ಧ ಜನಕ್ಕೆ ಬರೀ ಗಾಳಿ, ಯಾರಿಗೆ ಯಾವುದೆಂದು ಕೊನೆಯ ದಿನ ತಿಳಿಯುತ್ತದೆ, ಕೈಗೆ ಏನನ್ನೂ ಹಚ್ಚಕೂಡದು ಎಂದು ಅವನು ಸೇರಿದ ದಿನವೇ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. ಆ ಅರ್ಧ ಜನ ಬೇರೆ ಯಾರೋ ಎಂದೇ ಮೇಸ್ತ್ರಿ ನಂಬಿದ್ದ. ಕೆಂಪು ದಿನೇದಿನೇ ಇಳಿಯುತ್ತಲೂ ಇತ್ತು.

ಇವತ್ತು ಕೊನೆಯ ದಿನ. ಮಾಸ್ಕ್ ಹಾಕಿ ಉಸಿರೆಳೆಯುವುದು ಬೆಳಿಗ್ಗೆಯೇ ಮುಗಿದಿತ್ತು. ಮಧ್ಯಾಹ್ನ ಮೂರಕ್ಕೆ ಕೈಯ ಕೆಂಪಿನ ಅಳತೆ.

ಬಸ್ಸಿನಲ್ಲಿ "ನಿಲ್ಸಿ" ಎನ್ನಲಾರದೆ ಎರಡು ಸ್ಟಾಪ್ ಮುಂದೆ ಇಳಿದು, ಬಿಸಿಲಲ್ಲಿ ವಾಪಸು ನಡೆದ.

"ರೀ, ಊಟಕ್ಕೆ ಬಡಿಸ್ಲಾ?" ಎಂದಳು ಹೆಂಡತಿ. ಮೇಸ್ತ್ರಿ ಬಿಗಿದ ತುಟಿಯ ಮೇಲೆ ಬೆರಳಿಟ್ಟ. "ನಾನೇನ್ರೀ ತಪ್ಪು ಮಾಡ್ದೆ?" ಎಂದು ಅವಳು ಕಣ್ಣೊರೆಸಿಕೊಂಡಳು.

ಅಳು ಕೇಳಿ ಎದುರುಮನೆ ಅಕ್ಕ ಓಡಿಬಂದಳು. "ಅಯ್ಯೋ, ನೋವಿಗೆ ಇವನ ಬಾಯೇ ಕಟ್ಟಿಹೋಗಿದೆ!" ಎಂದವಳೇ ಮನೆಯಿಂದ ಮುಲಾಮಿನ ಡಬ್ಬಿ ತಂದಳು. ಬೇಡವೆಂದು ಮೇಸ್ತ್ರಿ ಎರಡೂ ಕೈ ಆಡಿಸಿದ. ಹಿಡಿದುಕೊಳ್ಳಲು ಅವಳಿಗೆ ಅನುಕೂಲವೇ ಆಯಿತು.

"ಬೇಡಕ್ಕಾ!"

ಅವನು ಕಿರುಚುವಷ್ಟರಲ್ಲಿ ಮುಲಾಮು ಮೊಣಕೈ ಮುಟ್ಟಿತ್ತು. ಉಳಿಸಿದ ಉಸಿರೂ ಹೋಯಿತು, ಪ್ರಯೋಗದ ನಿಯಮವೂ ಮುರಿಯಿತು. ಕೆಲಸವೂ ಹೋದಂತೆಯೇ ಎಂದುಕೊಂಡ. ಅಕ್ಕನಿಗೆ ಎಲ್ಲವನ್ನೂ ವಿವರಿಸಿ, ಊಟ ಬಿಟ್ಟು ಆಸ್ಪತ್ರೆಗೆ ಓಡಿದ.

"ತಪ್ಪಾಯ್ತು ಡಾಕ್ಟ್ರೇ," ಎಂದು ತಲೆತಗ್ಗಿಸಿ ನಿಂತ.

ಡಾಕ್ಟರಮ್ಮ ಅವನ ಕೈಯ ಮುಲಾಮು ಒರೆಸಿ ಅಳತೆ ತೆಗೆದುಕೊಂಡರು. "ಈ ಮುಲಾಮಿಂದ ಏನೂ ಆಗಿಲ್ಲ. ಬೆಳಿಗ್ಗೆಯೇ ಕೆಂಪು ಪೂರ್ತಿ ಹೋಗಿತ್ತು. ವಾಸಿಯಾಗಿದೆ."

ಮೇಸ್ತ್ರಿಯ ಕಣ್ಣು ತುಂಬಿಬಂತು. ಅಷ್ಟರಲ್ಲಿ ಅವರು ಅವನ ಹೆಸರಿನ ಲಕೋಟೆ ಒಡೆದು ಹುಬ್ಬುಗಂಟಿಕ್ಕಿದರು. "ಆದ್ರೆ ನಿಮಗೆ ಕೊಟ್ಟಿದ್ದು ಬರೀ ಗಾಳಿ."

"ಮತ್ತೆ ವಾಸಿಯಾಗಿದ್ದು ಹೇಗೆ?"

"ಈ ಮೂರು ವಾರ ಹಿಟ್ಟು ಮುಟ್ಟಿದ್ರಾ?"

"ಇಲ್ಲ ಡಾಕ್ಟ್ರೇ. ರಜೆ ಇತ್ತಲ್ಲ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ನಿಮ್ಮ ಮೈಗೆ ಹಿಟ್ಟೇ ಆಗ್ತಿಲ್ಲ ಅನ್ಸುತ್ತೆ. ಪರೀಕ್ಷೆ ಮಾಡಿ ಖಾತ್ರಿ ಮಾಡ್ಕೊಳ್ಳೋಣ. ಅಲ್ಲಿವರೆಗೆ ನಾದೋ ಕೆಲಸ ಬೇಡ. ಆಮೇಲೂ ಬೇಡ ಅಂತಲೇ ಹೇಳ್ಬೇಕಾಗಬಹುದು." ಅದನ್ನೇ ಒಂದು ಚೀಟಿಯಲ್ಲಿ ಬರೆದುಕೊಟ್ಟರು.

ಚೀಟಿ ಜೇಬಿನಲ್ಲಿಟ್ಟುಕೊಂಡು ಮೇಸ್ತ್ರಿ ಬೇಕರಿಗೆ ಬಂದ. ಎದುರುಮನೆ ಅಕ್ಕ ಬ್ರೆಡ್ ಕೊಳ್ಳಲು ಬಂದು ಅಷ್ಟರಲ್ಲೇ ಮಧ್ಯಾಹ್ನದ ಕಥೆಯನ್ನೆಲ್ಲ ಹೇಳಿಹೋಗಿದ್ದಳು. ಯಜಮಾನರು ಅವನ ಕೈಗಳನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಭೇಷ್! ಮಗುವಿನ ಕೈ ಆಗಿದೆಯಲ್ಲೋ! ಹೊಸಬ ಹಿಟ್ಟನ್ನ ಕಲ್ಲು ಮಾಡಿಟ್ಟ, ಕಳಿಸಿಬಿಟ್ಟೆ. ಇನ್ನು ನೀನೇ ಗತಿ. ನಾಳೆ ಬೆಳಿಗ್ಗೆ ಬಂದ್ಬಿಡು."

ಮೇಸ್ತ್ರಿಯ ಕೈ ಜೇಬಿಗೆ ಹೋಯಿತು. ಬಾಯಿ ಮಾತ್ರ ತೆರೆಯಲಿಲ್ಲ.

"ಸಾಕು ಬಿಡಯ್ಯ," ಎಂದು ಯಜಮಾನರು ಬೆನ್ನು ತಟ್ಟಿ ನಕ್ಕರು. "ವಾಸಿಯಾಯ್ತಲ್ಲ, ಇನ್ನೂ ಯಾಕೆ ಉಸಿರು ಉಳಿಸ್ತೀಯ?"