ಮಸ್ಕಿಯ ಕಣದಲ್ಲಿ ಮೂರು ವಿಮಾನ

ನಾಯಕತ್ವ ಹುಟ್ಟಿನಿಂದ ಬರುವ ಗುಣ ಎಂದು ನಾನು ಬಹಳ ವರ್ಷ ನಂಬಿದ್ದೆ. ನನಗೆ ಅದು ಬಂದಿದೆ ಎಂಬುದರಲ್ಲಂತೂ ಡೌಟೇ ಇರಲಿಲ್ಲ. ಕಾನ್ವೆಂಟಿನಲ್ಲಿ ಊಟದ ಸಾಲಿಗೆ ಮೊದಲು ನಿಲ್ಲುತ್ತಿದ್ದವಳು ನಾನೇ. ಇಡೀ ಬೋರ್ಡಿಂಗ್ ನನ್ನ ಹಿಂದೆ ಬರುತ್ತಿತ್ತು. ಅವರು ಬರುತ್ತಿದ್ದುದು ಸಾರಿನ ವಾಸನೆಯ ಹಿಂದೆ ಎಂದು ತಡವಾಗಿ ತಿಳಿಯಿತು.

ಹೀಗಾಗಿ ಹೈದರಾಬಾದಿನ ನಮ್ಮ ಪುಟ್ಟ ಫ್ಲೈಯಿಂಗ್ ಕ್ಲಬ್ಬಿನವರು, ಸ್ವಂತ ವಿಮಾನವುಳ್ಳ ಪೈಲಟ್‌ಗಳ ಒಂದು ತಂಡ ಗೋವಾಕ್ಕೆ ಹಾರಿಬರಲಿ ಎಂದಾಗ, ಲೀಡರ್ ಯಾರೆಂದು ಕೇಳುವ ಮೊದಲೇ ನಾನು ಕೈ ಎತ್ತಿದ್ದೆ. ಆಗಿನ್ನೂ ನಿಜಾಮರ ಕಾಲ. ಗೋವಾ ಪೋರ್ಚುಗೀಸರದು. ನಿಜಾಮರ ಸೀಮೆಯಾದ ನಮ್ಮ ಮೊಗಲಾಯಿಯಿಂದ ಹೊರಟು, ನಡುವೆ ಬ್ರಿಟಿಷರ ಮುಲ್ಕು ದಾಟಿ, ಪೋರ್ಚುಗೀಸರ ಮರಳಿನಲ್ಲಿ ಇಳಿಯುವುದು. ಒಂದೇ ದಿನದಲ್ಲಿ ಮೂರು ಸರ್ಕಾರ! ಇದಕ್ಕಿಂತ ಇಂಟರ್‌ನ್ಯಾಷನಲ್ ಇನ್ನೇನಿದೆ?

ಕ್ಲಬ್ಬಿನ ಪ್ರೆಸಿಡೆಂಟ್ ನಿವೃತ್ತ ಕರ್ನಲ್ ಸಾಹೇಬರು. ಅವರು ಮೀಸೆ ತಿರುವುತ್ತ ಒಂದು ಮಾತು ಸೇರಿಸಿದರು. "ಮ್ಯಾಡಮ್, ಎಲ್ಲರನ್ನೂ ಕರೆದುಕೊಂಡು ಹೋಗಿ ಸುರಕ್ಷಿತವಾಗಿ ಕರೆತನ್ನಿ. ಇನ್‌ಸ್ಟ್ರಕ್ಟರ್ ಹುದ್ದೆ ಖಾಲಿ ಇದೆ. ನಿಮ್ಮ ಹೆಸರನ್ನು ಯೋಚಿಸೋಣ."

ವಿಮಾನ ಕಲಿಸುವ ಹೆಂಗಸನ್ನು ನಮ್ಮ ಮುಲ್ಕು ಕಂಡಿರಲಿಲ್ಲ. ಆ ಹುದ್ದೆ ನನಗೆ ಎಷ್ಟು ಬೇಕಾಗಿತ್ತೆಂದರೆ, ಅಂದಿನಿಂದಲೇ ಕನ್ನಡಿಯ ಮುಂದೆ ನಿಂತು ಇಲ್ಲದ ವಿದ್ಯಾರ್ಥಿಗಳನ್ನು ಗದರಿಸತೊಡಗಿದೆ.

ತಂಡದಲ್ಲಿ ಮೂರು ವಿಮಾನ. ಮೊದಲನೆಯದು ನನ್ನದು. ಎರಡನೆಯದು ಮಿರ್ಜಾ ಸಾಹೇಬರದು. ಜಾಗೀರದಾರರ ಮನೆಯವರು, ವಿಮಾನದಲ್ಲೂ ಪಾನದಾನ ಇಟ್ಟುಕೊಳ್ಳುವವರು. ಮೂರನೆಯದು ಸೊಹ್ರಾಬ್‌ಜಿಯವರದು, ರಾಯಚೂರಿನಲ್ಲಿ ಹತ್ತಿಯ ಜಿನ್ ನಡೆಸುತ್ತಿದ್ದ ಪಾರಸಿ, ಹೇಳಿದ್ದನ್ನು ಹೇಳಿದಂತೆಯೇ ಮಾಡುವ ಮನುಷ್ಯ. ಈ ಗುಣವನ್ನು ಆಗ ನಾನು ಬಹಳ ಮೆಚ್ಚಿಕೊಂಡಿದ್ದೆ.

ನನ್ನ ವಿಮಾನದ ಮುಂದಿನ ಸೀಟಿನಲ್ಲಿ ನಮ್ಮ ಯಜಮಾನರು. ಅವರು ಹೈಕೋರ್ಟಿನ ವಕೀಲರು, ಜೋಕಾಲಿ ಕಂಡರೂ ಕಣ್ಣು ಮುಚ್ಚುವವರು. ಆ ಕಾಲದ ವಿಮಾನದಲ್ಲಿ ಪ್ಯಾಸೆಂಜರ್ ಮುಂದೆ, ಪೈಲಟ್ ಹಿಂದೆ. ಮಾತಾಡಲು ನಡುವೆ ಒಂದು ರಬ್ಬರ್ ಕೊಳವೆ. ಗಂಡ ಮುಂದೆ, ಹಿಡಿತ ಹಿಂದೆ. ಇಂಥ ಸಂಸಾರ ಎಲ್ಲರಿಗೂ ಸಿಗುವುದಿಲ್ಲ.

ಪೆಟ್ರೋಲಿಗಾಗಿ ದಾರಿಯಲ್ಲಿ ಒಂದು ಕಡೆ ಇಳಿಯಬೇಕಿತ್ತು. ಲಿಂಗಸುಗೂರಿನಲ್ಲಿ ಹಿಂದೆ ದಂಡು ಇದ್ದಾಗಿನ ಪರೇಡ್ ಮೈದಾನವಿದೆ, ಗಟ್ಟಿ ಮೊರಂ ನೆಲ, ಅಲ್ಲೇ ಇಳಿಯೋಣ ಎಂದು ಎಲ್ಲರೂ ಹೇಳಿದರು. ಅಲ್ಲಿನ ತಹಶೀಲ್ದಾರರು ಚಹಾದ ಬಂದೋಬಸ್ತನ್ನೂ ಮಾಡಿದ್ದರು.

"ಮಸ್ಕಿ," ಎಂದೆ ನಾನು.

ಮಸ್ಕಿ ನನ್ನ ತವರು. ಅಲ್ಲಿ ನಮ್ಮ ಸೋದರತ್ತೆ ಈರಮ್ಮ ಊರ ತುಂಬ ಹೇಳಿಕೊಂಡು ತಿರುಗುತ್ತಿದ್ದಳು: "ಆಕಿ ಹಾರತಾಳಂತ! ಸಣ್ಣಾಕಿದ್ದಾಗ ಕಟ್ಟಿ ಮ್ಯಾಲಿಂದ ಹಾರಿ ಕಾಲು ಮುರಕೊಂಡಾಕಿ ಆಕಿ." ಈ ಮಾತಿಗೆ ಉತ್ತರ ಮೇಲಿನಿಂದಲೇ ಕೊಡಬೇಕಿತ್ತು.

ನಾನು ಮೊದಲೇ ಮಸ್ಕಿಗೆ ಹೋಗಿ ನಮ್ಮಣ್ಣ ಶರಣಪ್ಪನಿಗೆ ಎಲ್ಲ ಹೇಳಿಬಂದೆ. ಹತ್ತಿ ಕಿತ್ತ ನಮ್ಮ ಎರೆಹೊಲ ಬಿಸಿಲಿಗೆ ಬಾಯಿಬಿಟ್ಟಿತ್ತು. ಬಿರುಕು ಮುಚ್ಚಿಸಬೇಕು, ರೋಣಗಲ್ಲು ಉರುಳಿಸಬೇಕು, ಗಾಳಿಯ ದಿಕ್ಕು ತೋರಿಸಲು ಒಂದು ಬಾವುಟ ಕಟ್ಟಬೇಕು.

"ಮತ್ತ ಅಣ್ಣಾ, ಧೂಳು! ಒಂದು ಕಣ ಧೂಳು ಸೈತ ಏಳಬಾರದು. ಎಂಜಿನ್‌ಗೆ ಡೇಂಜರ್."

ಎಂಜಿನ್ನಿನ ಮಾತು ಅರ್ಧ ನಿಜ. ಉಳಿದರ್ಧ, ನಾನು ಹೊಲಿಸಿದ್ದ ಬಿಳಿಯ ಫ್ಲೈಯಿಂಗ್ ಸೂಟು.

"ನೀ ಚಿಂತಿ ಬಿಡಬೇ ತಂಗಿ," ಎಂದ ಅಣ್ಣ. "ಬೀಗರು ಬಂದ್ರ ಹೆಂಗ ಮಾಡತೀವಿ? ಹಂಗ ಮಾಡಿಸ್ತೀನಿ."

ಬೀಗರು ಬಂದರೆ ಹೇಗೆ ಮಾಡುತ್ತಾರೆಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಕಾನ್ವೆಂಟಿನಲ್ಲಿ ನಮಗೆ ಥ್ಯಾಂಕ್ಯೂ ಹೇಳುವುದನ್ನು ಕಲಿಸಿದ್ದರು. ಹೇಳಿ ಬಂದೆ.

ಹೊರಡುವ ದಿನ ಬೆಳಿಗ್ಗೆ ತಂಡವನ್ನು ನಿಲ್ಲಿಸಿ ಭಾಷಣ ಮಾಡಿದೆ. "ಜೆಂಟಲ್‌ಮೆನ್, ನಾನು ಮಾಡಿದಂತೆಯೇ ನೀವೂ ಮಾಡಬೇಕು. ಮೊದಲು ನಾನು ಇಳಿಯುತ್ತೇನೆ. ನೆಲ ಚೆನ್ನಾಗಿದ್ದರೆ ಎರಡೂ ಕೈ ಎತ್ತಿ ಬೀಸುತ್ತೇನೆ. ನೆಲ ಕೆಟ್ಟಿದ್ದರೆ ಅಲ್ಲಾಡದೆ ನಿಲ್ಲುತ್ತೇನೆ." ಎರಡನೆಯದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದು. ಆಪತ್ತಿನಲ್ಲಿ ಲೇಡಿ ಎನಿಸಿಕೊಂಡವಳು ಕೈಕಾಲು ಬಡಿಯುವುದಿಲ್ಲ ಎಂದು ಅವರ ಮತ. ಅವರು ವಿಮಾನ ಇಳಿಸಿದವರಲ್ಲ.

"ಬಹುತ್ ಖೂಬ್!" ಎಂದರು ಮಿರ್ಜಾ. ಸೊಹ್ರಾಬ್‌ಜಿ ಎರಡು ಸಲ ಬಾಯಿಪಾಠ ಮಾಡಿ ಒಪ್ಪಿಸಿದರು.

ರಾಯಚೂರಿನವರೆಗೆ ಪ್ರಯಾಣ ಸುಗಮ. ಕೆಳಗೆ ರೈಲು ಹಳಿ ಇತ್ತಲ್ಲ! ಅಲ್ಲಿಂದ ಮುಂದೆ ಹಳಿ ಇರಲಿಲ್ಲ, ನಾಯಕತ್ವ ಮಾತ್ರ ಇತ್ತು. ಸ್ವಲ್ಪ ಹೊತ್ತಿಗೆ ಒಂದು ಊರು ಕಂಡಿತು. ಕೆರೆ, ಮಸೀದಿ, ಎಮ್ಮೆ. ಮಸ್ಕಿಯೇ ಸರಿ ಎಂದು ಸುತ್ತು ಹಾಕಿದೆ. ನನ್ನ ಹಿಂದೆ ಇಬ್ಬರೂ ಸುತ್ತು ಹಾಕಿದರು. ಆದರೆ ಮಸ್ಕಿಯ ಪಕ್ಕಕ್ಕೆ ಇರಬೇಕಾದ ಗುಡ್ಡ ಕಾಣಲಿಲ್ಲ. ಇನ್ನೊಂದು ಸುತ್ತು.

ಕೊಳವೆಯಲ್ಲಿ ಯಜಮಾನರ ದನಿ ಬಂತು. "ಏನ್ ಹುಡುಕಾಕತ್ತಿ?"

"ಮಸ್ಕಿ ಗುಡ್ಡ."

"ಯಾರರ ಒಯ್ದಾರೇನು?"

ಇನ್ನೂ ಒಂದು ಸುತ್ತು ಹಾಕಿದ ಮೇಲೆ ಅದು ಸಿಂಧನೂರು ಎಂದು ಹೊಳೆಯಿತು. ಗುಡ್ಡ ತನ್ನ ಜಾಗದಲ್ಲೇ ಇತ್ತು. ನಾವೇ ಪಕ್ಕದ ಊರಿಗೆ ಬಂದಿದ್ದೆವು. ಪ್ಲಾನ್ ಪ್ರಕಾರವೇ ಎಂಬಂತೆ ಗಂಭೀರವಾಗಿ ಉತ್ತರಕ್ಕೆ ತಿರುಗಿದೆ.

ಕೊನೆಗೂ ಮಸ್ಕಿ ಬಂತು. ಗುಡ್ಡದ ಆಚೆ ನಮ್ಮ ಹೊಲ. ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತದೆ: ಸುತ್ತಲೂ ಕಪ್ಪು ನೆಲ, ನಡುವೆ ಒಂದು ಹಸಿರು ಪಟ್ಟಿ, ಅದರ ಅಂಚಿಗೆ ರುಮಾಲು, ಸೀರೆಗಳ ಬಣ್ಣದ ಸಾಲು. ಅಷ್ಟು ಎತ್ತರದಿಂದ ತವರು ಕಂಡವರು ಆಗ ಬಹಳ ಜನ ಇರಲಿಲ್ಲ.

"ನೋಡ್ರಿ!" ಎಂದು ಕೊಳವೆಯಲ್ಲಿ ಕೂಗಿದೆ. "ಅಣ್ಣ ಲಾನ್ ಬೆಳೆಸ್ಯಾನ! ಇಂಗ್ಲಿಷ್ ಲಾನ್!"

"ಬ್ಯಾಸಗ್ಯಾಗ?" ಎಂದರು ಯಜಮಾನರು. ಅವರಿಗೆ ಎಲ್ಲದರಲ್ಲೂ ಸಂಶಯ. ವಕೀಲರಲ್ಲವೆ!

ಬಾವುಟ ನೋಡಿದೆ. ಸರ್ಕಾರದ ಬಾವುಟ ಸುಕ್ಕಾದರೆ ಮರ್ಯಾದೆ ಅಲ್ಲವೆಂದು ನಾಲ್ಕೂ ಮೂಲೆ ಎಳೆದು ಬಿಗಿದು ಕಟ್ಟಿದ್ದರು. ಬಿರುಗಾಳಿ ಬಂದರೂ ಅದು ಮಿಸುಕುವಂತಿರಲಿಲ್ಲ. ಗಾಳಿಯೇ ಇಲ್ಲ ಎಂದುಕೊಂಡು ಇಳಿಸಿದೆ.

ಈಗ ಬೀಗರ ವಿಷಯ ಹೇಳಬೇಕು. ನುಣುಪಾಗಿರಬೇಕು, ಧೂಳು ಏಳಬಾರದು ಎಂದರೆ ನಮ್ಮ ಸೀಮೆಯಲ್ಲಿ ಒಂದೇ ಅರ್ಥ: ಜೋಳ ರಾಶಿ ಮಾಡುವ ಕಣ. ಅಣ್ಣ ನೀರು ಹಾಯಿಸಿ, ಎತ್ತು ತುಳಿಸಿ, ಸೆಗಣಿ ಸಾರಿಸಿ, ಇಡೀ ಹೊಲವನ್ನೇ ಕಣ ಮಾಡಿಸಿದ್ದ. ಒಣಗಲು ಬಿಟ್ಟಿದ್ದರೆ ಅದೂ ಆಗುತ್ತಿತ್ತೇನೋ. ಆದರೆ ಬೀಗರು ಬರುವ ದಿನ ಅಂಗಳಕ್ಕೆ ನೀರು ಚಿಮುಕಿಸದೆ ಇರುವುದುಂಟೆ? ಬೆಳಿಗ್ಗೆ ಊರ ಹೆಂಗಸರೆಲ್ಲ ಕೊಡ ಹೊತ್ತು ಬಂದು ಥಳಿ ಹೊಡೆದಿದ್ದರು. ಒಬ್ಬಳು ಒಂದು ಕೊಡ ಸುರಿದರೆ ಪಕ್ಕದವಳು ಎರಡು. ಅದರ ಮೇಲೆ ಮತ್ತೆ ತೆಳುವಾಗಿ ಹಸಿರು ಸೆಗಣಿ. ಮೇಲೆ ಹಪ್ಪಳ, ಒಳಗೆ ಹಲ್ವಾ.

ಒಣಗಿದ ಎರೆಮಣ್ಣು ಕಲ್ಲು, ನೆನೆದ ಎರೆಮಣ್ಣು ಅಂಟು ಎಂಬುದು ಮಸ್ಕಿಯ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ನಾನು ನೋಡುತ್ತಿದ್ದುದು ಇಂಗ್ಲಿಷ್ ಲಾನನ್ನು.

ಚಕ್ರ ನೆಲ ಮುಟ್ಟಿತು. ಅತ್ಯಂತ ಮೃದುವಾದ ಲ್ಯಾಂಡಿಂಗ್. ಎಷ್ಟು ಮೃದುವೆಂದರೆ ಚಕ್ರ ಒಳಗೆ ಹೋಗುತ್ತಲೇ ಇತ್ತು. ವಿಮಾನ ನಿಂತಿತು, ಯೋಚಿಸಿತು, ಆಮೇಲೆ ಮೂಗು ನೆಲಕ್ಕೂರಿ ಬಾಲ ಆಕಾಶಕ್ಕೆತ್ತಿತು. ಪ್ರೊಪೆಲರ್ ಪಟ್ ಎಂದಿತು.

"ಇಳದ್ವೇನು?" ಎಂದು ಕೊಳವೆಯಲ್ಲಿ ಕೇಳಿದರು ಯಜಮಾನರು. ಅವರು ಇನ್ನೂ ಕಣ್ಣು ಬಿಟ್ಟಿರಲಿಲ್ಲ.

ನಾನು ಜಾರಿ ಕೆಳಗೆ ಬಿದ್ದೆ. ಬಿಳಿ ಸೂಟಿನ ಕಥೆ ಅಲ್ಲಿಗೆ ಮುಗಿಯಿತು. ತಲೆ ಎತ್ತಿ ನೋಡಿದರೆ ಮಿರ್ಜಾ ಸಾಹೇಬರು ಇಳಿಯಲು ಬರುತ್ತಿದ್ದಾರೆ! "ಬೇಡ! ಬೇಡ!" ಎಂದು ಎರಡೂ ಕೈ ಎತ್ತಿ ಜೋರಾಗಿ ಬೀಸಿದೆ. ಬೀಸಿದಷ್ಟೂ ಅವರು ಸಂತೋಷದಿಂದ ಕೆಳಗೆ ಬಂದರು. ಪಟ್. ಎರಡನೆಯ ಬಾಲವೂ ಮೇಲಕ್ಕೆ!

ಆಗ ನನಗೆ ನನ್ನ ಸಿಗ್ನಲ್ ನೆನಪಾಯಿತು. ತಕ್ಷಣ ಕೈ ಇಳಿಬಿಟ್ಟು ಕಲ್ಲಿನ ಕಂಬದಂತೆ ನಿಂತೆ. ಇಂಥ ಶಿಸ್ತು ಕಾನ್ವೆಂಟಿನಲ್ಲೂ ತೋರಿಸಿರಲಿಲ್ಲ. ಆದರೆ ಊರ ಜನ ಎಲ್ಲ ಕಣ್ಣಾರೆ ನೋಡಿದ್ದರು.

"ಆಕಿ ಕೈ ಬೀಸಿದ್ಲು, ಇಮಾನ ಇಳೀತು! ಈಗ ಪಾಪ ಆಕಿಗಿ ಸುಸ್ತಾಗೈತಿ, ನಾವು ಬೀಸೂಣು ಬರ್ರೇ!" ಎಂದಳು ಈರಮ್ಮತ್ತೆ.

ಇಡೀ ಮಸ್ಕಿ ಕೈ ಎತ್ತಿ ಬೀಸಿತು. ರುಮಾಲು ಬೀಸಿದರು, ಸೆರಗು ಬೀಸಿದರು. ಸೊಹ್ರಾಬ್‌ಜಿ ಹೇಳಿದ್ದನ್ನು ಹೇಳಿದಂತೆಯೇ ಮಾಡುವವರು. ಪಟ್.

ಮೂರೂ ವಿಮಾನಗಳು ಒಂದೇ ಸಾಲಿನಲ್ಲಿ, ಒಂದೇ ಓರೆಯಲ್ಲಿ, ಬಾಲವೆತ್ತಿ ನಿಂತಿದ್ದವು. ಅಂಥ ಪರ್ಫೆಕ್ಟ್ ಫಾರ್ಮೇಷನ್ ನಮ್ಮ ಕ್ಲಬ್ಬು ಮತ್ತೆಂದೂ ಕಾಣಲಿಲ್ಲ. ದೇವರ ದಯೆ, ಯಾರಿಗೂ ಒಂದು ಗೀರೂ ಆಗಿರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಹಲಗೆ ಬಾರಿಸಿದರು. ಅಣ್ಣ ಮೂರು ಬಾಲಗಳಿಗೂ ಏಣಿ ಹಾಕಿಸಿ ಹೂವಿನ ಹಾರ ಏರಿಸಿದ.

"ಇಮಾನ ಹಿಂಗ ಕುಂದರತೈತೇನ್ರಿ?" ಎಂದು ಯಾರೋ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ಸೆಗಣಿ ಒರೆಸಿಕೊಳ್ಳುತ್ತ ವಕಾಲತ್ತು ವಹಿಸಿದರು. "ಹೌದ್ರಿ. ತಗ್ಗಿ ನಮಸ್ಕಾರ ಮಾಡತಾವ."

ಈರಮ್ಮತ್ತೆ ನನ್ನ ಹತ್ತಿರ ಬಂದು ಮೇಲಿಂದ ಕೆಳಗೆ ನೋಡಿದಳು. "ಹಾರೂದು ಕಲಿತಿ, ಖರೇ," ಎಂದಳು. "ಇಳಿಯೂದು ಇನ್ನೂ ಹಂಗೇ ಐತಿ ಬಿಡವಾ."

ಅಣ್ಣನ ಮುಖ ಮಾತ್ರ ಸಣ್ಣದಾಗಿತ್ತು. ಅವನಿಗೆ ಮುರಿದ ಪ್ರೊಪೆಲರ್ ಕಂಡಿತ್ತು. "ಧೂಳು ಎದ್ದಿಲ್ಲ ಹೌದಲ್ಲಬೇ ತಂಗಿ?" ಎಂದು ಮೆಲ್ಲಗೆ ಕೇಳಿದ.

"ಒಂದು ಕಣಾನೂ ಎದ್ದಿಲ್ಲ ಅಣ್ಣಾ," ಎಂದೆ. ಅವನು ಈಗಿಲ್ಲ. ಆ ದಿನ ನಾನು ಆಡಿದ ಸರಿಯಾದ ಮಾತು ಅದೊಂದೇ ಎಂದು ಅನ್ನಿಸುತ್ತದೆ.

ಗಟ್ಟಿ ನೆಲವಿಲ್ಲದೆ ಮತ್ತೆ ಮೇಲೇಳುವಂತಿರಲಿಲ್ಲ. ಗಟ್ಟಿ ನೆಲ ಇದ್ದುದು ಲಿಂಗಸುಗೂರಿನಲ್ಲಿ! ನಮ್ಮ ವಿಮಾನಗಳ ರೆಕ್ಕೆಯನ್ನು ಹಕ್ಕಿಯಂತೆ ಹಿಂದಕ್ಕೆ ಮಡಚಬಹುದಿತ್ತು. ಮಡಚಿ, ಬಾಲಕ್ಕೆ ಹಗ್ಗ ಬಿಗಿದು, ಎತ್ತು ಹೂಡಿ ಹೊರಟೆವು. ಹೀಗೆ ನಮ್ಮ ಇಂಟರ್‌ನ್ಯಾಷನಲ್ ತಂಡ ಹಿಂದುಮುಂದಾಗಿ ಸಾಗಿತು. ಎದುರಿಗೆ ಬಂದ ಒಬ್ಬ ಕುರಿಗಾರ ನಿಂತು ನೋಡಿದ.

"ಯಾವೂರಿಗ್ರಿ?"

"ಗೋವಾಕ್ಕ. ಪರದೇಶ," ಎಂದರು ಯಜಮಾನರು.

ಕುರಿಗಾರ ಎತ್ತುಗಳನ್ನು ನೋಡಿದ, ವಿಮಾನ ನೋಡಿದ, ನನ್ನ ಸೂಟು ನೋಡಿದ. "ಜ್ವಾಕಿರಿ," ಎಂದ. "ಮುಂದ ಏರು ಐತಿ."

ಲಿಂಗಸುಗೂರಿನ ತಹಶೀಲ್ದಾರರು ಚಹಾ ಆರಿದ್ದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಅದನ್ನೇ ಕುಡಿಸಿದರು. ಹೈದರಾಬಾದಿಗೆ ತಂತಿ ಹೊಡೆದೆವು. ಹೊಸ ಪ್ರೊಪೆಲರ್‌ಗಳು ಬರುವ ಹೊತ್ತಿಗೆ ಪೋರ್ಚುಗೀಸರು ಕೊಟ್ಟ ಅನುಮತಿಯ ಅವಧಿ ತೀರಿತ್ತು. ಗೋವಾ ಗೋವಾದಲ್ಲೇ ಉಳಿಯಿತು. ಮರಳುವಾಗ ಮಿರ್ಜಾ ಮತ್ತು ಸೊಹ್ರಾಬ್‌ಜಿ ನನಗಿಂತ ಮೊದಲೇ ಮೇಲೆದ್ದರು. ನಾಯಕಿ ಹಿಂಬಾಲಿಸಿದಳು.

ಆದರೂ ನಾನು ಆಸೆ ಬಿಟ್ಟಿರಲಿಲ್ಲ. ಕಮಿಟಿಯ ಮುಂದೆ ಹೊಸ ಸೂಟಿನಲ್ಲಿ ನಿಂತು ವಾದಿಸಿದೆ. ಎಲ್ಲ ವಿಮಾನಗಳೂ ವಾಪಸು ಬಂದಿವೆ. ಎಲ್ಲ ಪೈಲಟ್‌ಗಳೂ ಕ್ಷೇಮ. ನೀವು ಹೇಳಿದ್ದು ಅಷ್ಟೇ ತಾನೆ? ಪಾಯಿಂಟು ಯಜಮಾನರದು. ಚೆನ್ನಾಗಿಯೇ ಇತ್ತು.

ಕರ್ನಲ್ ಸಾಹೇಬರು ಮಿರ್ಜಾ ಕಡೆ ತಿರುಗಿದರು. "ಮ್ಯಾಡಮ್ ನಾಯಕತ್ವದಲ್ಲಿ ನೀವು ಮತ್ತೊಮ್ಮೆ ಹೋಗುತ್ತೀರಾ?"

"ಜರೂರ್, ಜನಾಬ್!" ಮಿರ್ಜಾ ಎದೆ ಮೇಲೆ ಕೈ ಇಟ್ಟರು. "ನಡೆದುಕೊಂಡು ಹೋಗುವುದಾದರೆ."

ಕರ್ನಲ್ ಸಾಹೇಬರು ನಗಲಿಲ್ಲ. "ಮ್ಯಾಡಮ್, ನಿಮ್ಮ ಮಾತು ಯಾರೂ ಕೇಳದಿದ್ದರೆ ನನಗೆ ಚಿಂತೆ ಇರಲಿಲ್ಲ," ಎಂದರು. "ಎಲ್ಲರೂ ಕೇಳುತ್ತಾರೆ. ನನ್ನ ಭಯ ಅದೇ."

ಹುದ್ದೆ ಸೊಹ್ರಾಬ್‌ಜಿಗೆ ಹೋಯಿತು. ನಾನು ಕಂಗ್ರಾಚುಲೇಷನ್ಸ್ ಹೇಳಿ, ಮನೆಗೆ ಬಂದು, ಕನ್ನಡಿಗೆ ಬೆನ್ನು ಹಾಕಿ ಕೂತು ಅತ್ತೆ. ಯಜಮಾನರು ಬಂದು ಪಕ್ಕದಲ್ಲಿ ಕೂತರು. ಅವರು ಗೆದ್ದ ಕೇಸುಗಳಿಗಿಂತ ಸೋತ ಕೇಸುಗಳಲ್ಲಿ ಒಳ್ಳೆಯವರು.

ಮುಂದೆ ಅನೇಕ ವರ್ಷ, ಹೊಸ ಹುಡುಗರು ಸೇರಿದಾಗಲೆಲ್ಲ ಸೊಹ್ರಾಬ್‌ಜಿ ಕಪ್ಪು ಹಲಗೆಯ ಮೇಲೆ ಬಾಲವೆತ್ತಿದ ಮೂರು ವಿಮಾನ, ಪಕ್ಕದಲ್ಲಿ ಕೈ ಬೀಸುವ ಒಬ್ಬ ಹೆಂಗಸನ್ನು ಬರೆದು ಕ್ಲಾಸು ಶುರು ಮಾಡುತ್ತಿದ್ದರಂತೆ. "ಈ ಲೇಡಿ ಕಂಡರೆ ಇಳಿಯಬೇಡಿ. ಲಿಂಗಸುಗೂರಿಗೆ ಹೋಗಿ."

ಆ ಕ್ಲಬ್ಬಿನಲ್ಲಿ ನಾನು ಪಾಠ ಮಾಡಲಿಲ್ಲ. ಪಾಠವಾದೆ.