ಕೋಟೆ ಹೋಟ್ಲೋರು ಭಾವನ ದಾರಿ ಕಾದಿದ್ದು

ಇಂಥದ್ದೆಲ್ಲ ನಿಂಗೇ ಯಾಕೆ ಆಗುತ್ತೆ ಅಂತ ನಮ್ಮ ಬೀದಿ ಹೆಂಗಸ್ರು ಕೇಳ್ತಾರೆ. ಎಲ್ರಿಗೂ ಆಗುತ್ತೆ ಕಣ್ರೇ. ನೀವು ಫೋನ್ ನೋಡ್ಕೊಂಡು ನಡೀತೀರಿ, ನಾನು ಪಕ್ಕದೋರ ಬಾಯಿ ನೋಡ್ಕೊಂಡು ನಡೀತೀನಿ, ಅಷ್ಟೇ ವ್ಯತ್ಯಾಸ. ಈ ಸಲ ನೋಡಿದ್ದು ಪಕ್ಕದ್ಮನೆ ಅಕ್ಕನ ಬಾಯಿ. ಆ ಬಾಯಿಂದ ಒಂದೇ ಒಂದು ಮಾತು ಹೊರಡ್ಲಿ ಅಂತ ಕೆನಡಾದ ಮಿಸ್ಸಿಸಾಗಾದಿಂದ ಇಂಗ್ಲೆಂಡ್ ತನಕ ಹಿಂದೆ ಸುತ್ತಿದೀನಿ.

ನಮ್ದೂ ಅವರ್ದೂ ಟೌನ್‌ಹೌಸು, ಮಧ್ಯದ ಗೋಡೆ ಒಂದೇ. ಅವರ ಕುಕ್ಕರ್ ಕೂಗಿದ್ರೆ ನಾನು ಇಲ್ಲಿ ಒಲೆ ಆರಿಸ್ತಿದ್ದೆ. ಅವರ ಯಜಮಾನ್ರು, ನಾನು ಭಾವ ಅಂತಿದ್ದೆ, ಚಿತ್ರದುರ್ಗದೋರು. ಅವರು ಆ ಕಡೆ ಸೀನಿದ್ರೆ ನಾನು ಈ ಕಡೆಯಿಂದ "ನೂರ್ ವರ್ಷ!" ಅಂತ ಕೂಗೋದು, ಅವರು ಗೋಡೆ ಕುಟ್ಟಿ "ಥ್ಯಾಂಕ್ಸಮ್ಮಾ" ಅನ್ನೋದು. ನನ್ನ ಬಾಯಿಗೆ ಅಷ್ಟು ಪುಣ್ಯ ಇರ್ಲಿಲ್ಲ. ಹೋದ ಚಳಿಗಾಲದಲ್ಲಿ ಹಾರ್ಟ್ ಅಟ್ಯಾಕ್ ಆಗಿ ಆ ಸೀನು ನಿಂತೋಯ್ತು.

ಅಕ್ಕ ಅಳ್ಲಿಲ್ಲ. ಆಸ್ಪತ್ರೇಲೂ ಇಲ್ಲ, ದಹನ ಮಾಡೋ ಕಡೆನೂ ಇಲ್ಲ. ಬಾಗಿಲ ಹತ್ರ ಭಾವನ ಬೂಟು ಹಂಗೇ ಇತ್ತು, ಫೋಟೋಗೆ ಹಾರ ಹಾಕೋಕೆ ಬಿಡ್ಲಿಲ್ಲ. ಯಾರಾದ್ರೂ ಕೇಳಿದ್ರೆ "ಹೋದ್ರು" ಅನ್ನೋರು. ಅಷ್ಟೇ.

ಮೈಸೂರ್ ಪಾಕು

ಬೇಸಿಗೆ ಶುರುವಾದ್ಮೇಲೆ ಗಾಳಿ ಆಡ್ಲಿ ಅಂತ ಅಕ್ಕನ್ನ ಸರೋವರದ ದಂಡೇಲಿರೋ ಪೋರ್ಟ್ ಕ್ರೆಡಿಟ್‌ಗೆ ಕರ್ಕೊಂಡು ಹೋದೆ. ದೋಣಿ ನಿಲ್ಲಿಸೋ ಕಡೆ ನಡೀತಿದ್ವಿ. ಎದುರಿಗೆ ಭಾವನ ಜೊತೆ ಕೆಲಸ ಮಾಡ್ತಿದ್ದ ಗುಜರಾತಿ ಹೆಂಗಸು ಬಂದ್ಲು. ಆವಮ್ಮ ವಾನ್ ಅನ್ನೋ ಊರಿನ ಕಡೆ ಮನೆ ಮಾಡ್ಕೊಂಡು ಹೋಗಿ ಆಗ್ಲೇ ವರ್ಷ ಆಗಿತ್ತು, ಸುದ್ದಿ ಗೊತ್ತಿಲ್ಲ.

"ಅರೆ ಭಾಭಿ! ಭಾಯ್‌ಸಾಬ್ ಎಲ್ಲಿ?"

ಅಕ್ಕ ಕನ್ನಡದಲ್ಲಿ ಅನ್ನೋದನ್ನೇ ಇಂಗ್ಲಿಷಿಗೆ ಹಾಕಿದ್ರು. "ಹಿ ವೆಂಟ್."

"ಓ, ಇಂಡಿಯಾಗಾ?"

ನಾನು ಬಾಯಿ ತೆಗ್ದೆ. ಅಕ್ಕ ನನ್ನ ಕೈ ಹಿಡ್ಕೊಂಡ್ರು. ಆಮೇಲೆ ನಿಧಾನಕ್ಕೆ ತಲೆ ಆಡಿಸಿದ್ರು. ಹೂಂ ಅಂತಾನೂ ಅಲ್ಲ, ಉಹೂಂ ಅಂತಾನೂ ಅಲ್ಲ, ನಮ್ಮೋರು ಮಾತ್ರ ಆಡಿಸೋ ಥರ.

"ವಾಪಸ್ ಬರೋವಾಗ ಮೈಸೂರ್ ಪಾಕ್ ತರೋಕೆ ಹೇಳಿ. ತುಪ್ಪದ್ದು!" ಅಂದ್ಲು ಆವಮ್ಮ.

ಕಾರಲ್ಲಿ ಕೂತ್ಮೇಲೆ ನಾನು, "ಅಲ್ಲಕ್ಕ, ಹೇಳ್ಬಾರ್ದಿತ್ತಾ?" ಅಂದೆ.

ಅಕ್ಕ ಕಿಟಕಿ ಕಡೆ ನೋಡ್ತಾ, "ಹೇಳಿ ಕಳಿಸ್ಬೋದು ಕಣೇ," ಅಂದ್ರು. "ಆದ್ರೆ ತುಪ್ಪದ್ದು ಕೆಟ್ಟೋಗುತ್ತೆ, ಅಲ್ಲಿಂದ ಬರೋಷ್ಟರಲ್ಲಿ."

ಪಾಸ್ ಆದ್ರು

ಭಾವನಿಗೆ ಕೋಟೆ ಅಂದ್ರೆ ಹುಚ್ಚು. ದುರ್ಗದಲ್ಲಿ ಹುಟ್ಟಿದೋರಲ್ವಾ. ಇಂಗ್ಲೆಂಡಲ್ಲಿ ಒಂದು ಚಿಕ್ಕ ಊರು, ಅಲ್ಲಿ ಹಳೇ ಕೋಟೆ, ಈಗ ಅದು ಹೋಟ್ಲು. ಮದುವೆ ಆನಿವರ್ಸರಿಗೆ ಅಕ್ಕನ್ನ ಕರ್ಕೊಂಡು ಹೋಗ್ಬೇಕು ಅಂತ ಗುಟ್ಟಾಗಿ ಬುಕ್ ಮಾಡಿಟ್ಟು ಹೋಗ್ಬಿಟ್ಟಿದ್ರು. ಅದು ಗೊತ್ತಾಗಿದ್ದು, ಹೋಟ್ಲೋರು ಫೋನ್ ಮಾಡಿ "ನಿಮ್ಮಿಬ್ಬರಿಗೋಸ್ಕರ ಕಾಯ್ತಿದೀವಿ" ಅಂದಾಗ.

ಅಕ್ಕನ ಮಗಳು ಕ್ಯಾನ್ಸಲ್ ಮಾಡೋಣ ಅಂದ್ಲು. ಅಕ್ಕ, "ಅವರು ಮಾಡಿರೋದನ್ನ ನಾನ್ಯಾಕೆ ಕ್ಯಾನ್ಸಲ್ ಮಾಡ್ಲಿ? ಅವರು ಬಂದು ಮಾಡ್ಲಿ," ಅಂದ್ರು.

ಮಗಳಿಗೆ ಹೊಸ ಕೆಲಸ, ರಜಾ ಇಲ್ಲ. ಆ ಹುಡುಗಿ ಇಲ್ಲೇ ಹುಟ್ಟಿದ್ದು, ಕನ್ನಡ ಅರ್ಥ ಆಗುತ್ತೆ, ಬಾಯಿಗೆ ಸರಿಯಾಗಿ ಬರಲ್ಲ. ಡ್ರೈವ್‌ವೇನಲ್ಲಿ ನನ್ನ ತಡೆದು, "ಆಂಟಿ, ಪ್ಲೀಸ್ ಗೋ ವಿತ್ ಹರ್. ಶಿ ಹ್ಯಾಸಂಟ್ ಕ್ರೈಡ್. ಡ್ಯಾಡ್ ಪಾಸ್ಡ್ ಅವೇ ಅಂತ ಅಮ್ಮ ಸೇ ಮಾಡ್ಬೇಕು. ಔಟ್ ಲೌಡ್," ಅಂತ ಕಣ್ಣಲ್ಲಿ ನೀರು ತುಂಬ್ಕೊಂಡ್ಲು.

"ಏನಂತ ಹೇಳ್ಬೇಕು?"

"ಪಾಸ್ಡ್ ಅವೇ."

ನಾನು ಏಳ್ನೇ ಕ್ಲಾಸಲ್ಲಿ ಡುಮ್ಕಿ ಹೊಡೆದು ಸ್ಕೂಲ್ ಬಿಟ್ಟೋಳು. ಎಷ್ಟು ಒಳ್ಳೆ ದೇಶ ನೋಡಿ, ಓದ್ಲಿ ಬಿಡ್ಲಿ, ಸತ್ಮೇಲೆ ಎಲ್ರೂ ಪಾಸು.

ಮುಂದೆ ಹೋದೋರು

ಕೋಟೆ ಅಂದ್ರೆ ನಿಜವಾಗ್ಲೂ ಕೋಟೆ. ಕಲ್ಲಿನ ಗೋಡೆ, ಮೇಲೆ ಹಲ್ಲು ಹಲ್ಲು. ಕಂದಕದಲ್ಲಿ ನೀರಿಲ್ಲ, ಹುಲ್ಲು ಬೆಳೆಸಿದಾರೆ. ಹೆಬ್ಬಾಗಿಲು ಆನೆ ನುಗ್ಗೋಷ್ಟು, ಒಳಗೆ ಹೋದ್ರೆ ಒಂದು ಕಂಪ್ಯೂಟರು, ಅದರ ಹಿಂದೆ ಕೆಂಚುಕೂದ್ಲು ಹುಡುಗಿ. ನಕ್ಕೊಂಡು, "ವೆಲ್ಕಮ್! ಮಿಸ್ಟರ್ ಎಲ್ಲಿ?" ಅಂದ್ಲು.

ಅಕ್ಕ, "ಹಿ ವೆಂಟ್ ಬಿಫೋರ್," ಅಂದ್ರು. ನಮಗಿಂತ ಮುಂಚೆ ಹೋದ್ರು ಅಂತ. ನಮ್ಮ ಕಡೆ ಹಿಂಗಂದ್ರೆ ಎದುರಿಗಿರೋರು ತಲೆ ತಗ್ಗಿಸಿ "ಅಯ್ಯೋ ಪಾಪ" ಅಂತಾರೆ. ಈ ಹುಡುಗಿ ಕಂಪ್ಯೂಟರ್ ಕುಟ್ಟಿದ್ಲು.

"ಇಲ್ವಲ್ಲ, ಇನ್ನೂ ಬಂದಿಲ್ಲ. ನಮ್ಮ ಟ್ರೈನುಗಳನ್ನ ನಂಬೋ ಹಂಗಿಲ್ಲ, ದಾರೀಲಿ ಎಲ್ಲೋ ಸಿಕ್ಕಾಕೊಂಡಿರ್ತಾರೆ. ಎಷ್ಟು ಹೊತ್ತಿಗೆ ಬಂದ್ರೂ ಬಾಗಿಲು ತೆಗೀತೀವಿ."

ನಾನು, "ನೋ ನೋ, ಹಿ..." ಅಂತಿದ್ದಂಗೆ ಅಕ್ಕ ನನ್ನ ತೋಳು ಚಿವುಟಿದ್ರು. ಇವತ್ತಿಗೂ ಅಲ್ಲೊಂದು ಹಸಿರು ಮಚ್ಚೆ ಇದೆ ಅನ್ನಿಸುತ್ತೆ. ಅಕ್ಕ ಆ ಹುಡುಗಿ ಮುಖ ನೋಡಿ, "ಥ್ಯಾಂಕ್ಯೂ. ನೀವು ತೆಗೀರಿ," ಅಂದ್ರು. ಭಾವ ಹೋದ್ಮೇಲೆ ಅಕ್ಕ ಯಾರಿಗಾದ್ರೂ ಮನಸ್ಸಿಂದ ಥ್ಯಾಂಕ್ಸ್ ಹೇಳಿದ್ದು ಅದೇ ಮೊದ್ಲು. ಅದನ್ನ ಕೆಡಿಸೋಕೆ ನನಗೆ ಮನಸ್ಸಾಗ್ಲಿಲ್ಲ.

ಈಗ ಆ ಹುಡುಗಿ ನನ್ನ ಕಡೆ ತಿರುಗಿ, "ನೀವು?" ಅಂದ್ಲು.

"ನೇಬರ್. ಸೇಮ್ ರೂಮ್. ಎಕ್ಸ್‌ಟ್ರಾ ಬೆಡ್."

ಹುಡುಗಿ ಒಂದ್ಸಲ ಅಕ್ಕನ್ನ ನೋಡಿದ್ಲು, ಒಂದ್ಸಲ ನನ್ನ ನೋಡಿದ್ಲು, ಒಂದ್ಸಲ ಕಂಪ್ಯೂಟರಲ್ಲಿ "ಆನಿವರ್ಸರಿ" ಅಂತ ಇರೋದನ್ನ ನೋಡಿದ್ಲು. ಗಂಡ, ಹೆಂಡ್ತಿ, ಪಕ್ಕದ್ಮನೆಯೋಳು, ಮೂವರಿಗೂ ಒಂದೇ ರೂಮು! ಇಷ್ಟು ವರ್ಷ ಕಾಪಾಡ್ಕೊಂಡು ಬಂದ ನನ್ನ ಮಾನ ಆ ಕೋಟೆ ಬಾಗಿಲಲ್ಲೇ ಹೋಯ್ತು.

ಮಂಚ

ಮಂಚ ಎಷ್ಟು ಎತ್ತರ ಅಂದ್ರೆ ಹತ್ತೋಕೆ ಮರದ ಮೆಟ್ಲು ಇಟ್ಟಿದ್ರು. ನಾಕು ಕಂಬ, ಸುತ್ತ ಪರದೆ, ಮೇಲೆ ಚಪ್ಪರ. ಮದುವೆ ಮಂಟಪದೊಳಗೆ ಹಾಸಿಗೆ ಹಾಸಿದಂಗಿತ್ತು. ಮೇಲೆ ಗುಲಾಬಿ ದಳ ಚೆಲ್ಲಿ, ಎರಡು ಬಿಳೀ ನಿಲುವಂಗಿ ಮಡಿಸಿಟ್ಟಿದ್ರು. ಒಂದು ದೊಡ್ಡದು, ಒಂದು ಚಿಕ್ಕದು.

ಅಕ್ಕ ದೊಡ್ಡದನ್ನ ಎತ್ತಿ ಭುಜ ಅಳೆದ್ರು. "ಇದು ಅವರಿಗೆ ಹೊಟ್ಟೆ ಹತ್ರ ಆಗಲ್ಲ," ಅಂದ್ರು. ಕಿಟಕಿಯಿಂದ ಕೋಟೆ ಗೋಡೆ ನೋಡಿದ್ರು. "ನಮ್ಮ ದುರ್ಗದ ಮುಂದೆ ಇದ್ಯಾವ ಲೆಕ್ಕ ಅಂತಿದ್ರು. ಅಂದ್ಬಿಟ್ಟು ಫೋಟೋ ತೆಗೆಸ್ಕೊಳ್ಳೋರು, ಸೊಂಟದ ಮೇಲೆ ಕೈ ಇಟ್ಕೊಂಡು."

ನನ್ನ ಕಾಲು ನೋಯ್ತಿತ್ತು, ಮೆಟ್ಲು ಹತ್ತಿ ಮಂಚದ ಬಲಗಡೆ ಕೂತೆ.

"ಅಲ್ಲಿ ಬೇಡ ಕಣೇ. ಅದು ಅವರ ಕಡೆ."

ಇಳಿದೆ. ನನ್ನ ಎಕ್ಸ್‌ಟ್ರಾ ಬೆಡ್ಡು ಮಡಿಸೋ ಮಂಚ, ಮಧ್ಯದಲ್ಲಿ ಕಬ್ಬಿಣದ ಸರಳು ಬೆನ್ನಿಗೆ ಒತ್ತೋದು. ಎದುರುಗೋಡೇಲಿ ಯಾವುದೋ ಹಳೇ ದೊರೆ ಪಟ, ನನ್ನೇ ನೋಡ್ತಿದ್ದ. ಎಂಥಾ ನ್ಯಾಯ ನೋಡಿ: ಸತ್ತೋರಿಗೆ ರಾಜನ ಮಂಚ, ಬದುಕಿರೋಳಿಗೆ ಕಬ್ಬಿಣದ ಸರಳು. ಭಾವ, ಜೀವಂತ ಇದ್ದಾಗ್ಲೂ ನೀವು ಇಷ್ಟು ಜಾಗ ಹಿಡೀತಿರ್ಲಿಲ್ಲ!

ಮೊಟ್ಟೆ ಹೆಂಗಿರ್ಬೇಕು

ಬೆಳಿಗ್ಗೆ ತಿಂಡಿಗೆ ಹೋದ್ವಿ. ಟೇಬಲ್ ಮೇಲೆ ಮೂರು ತಟ್ಟೆ. ತಿಂಡಿ ಕೊಡೋನು ವಯಸ್ಸಾದೋನು, ಬಿಳೀ ಮೀಸೆ, ಬಾಗಿ ಬಾಗಿ ಮಾತಾಡ್ತಾನೆ. "ಸರ್‌ಗೆ ಮೊಟ್ಟೆ ಹೆಂಗಿರ್ಬೇಕು, ಮೇಡಂ?"

ನಾನು ತಲೆ ತಗ್ಗಿಸಿದೆ. ಅಕ್ಕ ಬೆನ್ನು ನೆಟ್ಟಗೆ ಮಾಡಿದ್ರು.

"ಮೊಟ್ಟೆ ತಿನ್ನಲ್ಲ. ಬ್ರೆಡ್ಡು ಕೆಂಪಗೆ ಸುಡ್ಬೇಕು. ಬೆಣ್ಣೆ ಅಂಚಿನವರೆಗೂ. ಅಂಚು ಬಿಟ್ರೆ ಸಿಡಿಮಿಡಿ ಅಂತಾರೆ."

ಅವನು ಎಲ್ಲಾ ತಲೇಲಿ ಇಟ್ಕೊಂಡ. "ಟೀಗೆ ಸಕ್ಕರೆ?"

ಭಾವನಿಗೆ ಶುಗರ್ ಇತ್ತು. ಅಕ್ಕ ಸಕ್ಕರೆ ಡಬ್ಬಿ ಬೀರೂಲಿ ಸೀರೆ ಕೆಳಗೆ ಬಚ್ಚಿಡೋರು, ಇರುವೆ ಹತ್ತಿ ಸೀರೆ ಹಾಳಾಗಿದ್ದು ನಾನೇ ನೋಡಿದೀನಿ. ಈಗ ಅದೇ ಅಕ್ಕ, "ಜಾಸ್ತಿ ಹಾಕಿ," ಅಂದ್ರು.

ನಾನು ಬಾಯಿ ಬಿಟ್ಕೊಂಡು ನೋಡ್ದೆ.

"ನೋಡ್ಬೇಡ ಹಂಗೆ," ಅಂದ್ರು ಮೆಲ್ಲಗೆ. "ಈಗ ಎಷ್ಟು ಕುಡಿದ್ರೂ ಏನೂ ಆಗಲ್ಲ."

ಅಂದ್ರೆ ಗೊತ್ತು. ಅಕ್ಕನಿಗೆ ಎಲ್ಲಾ ಗೊತ್ತು. ಒಳಗೆ ಗೊತ್ತು, ಬಾಯಿಗೆ ಮಾತ್ರ ಗೊತ್ತಿಲ್ಲ. ಮಗಳಿಗೆ ಏನಂತ ಫೋನ್ ಮಾಡ್ಲಿ?

ಟೀ ಆರೋಯ್ತು, ಬೆಣ್ಣೆ ಹೆಪ್ಪಾಯ್ತು. ಮೀಸೆಯೋನು ಬಂದು ಆ ತಟ್ಟೆ ಮೇಲೆ ಬೆಳ್ಳಿ ಮುಚ್ಚಳ ಮುಚ್ಚಿ, "ಸರ್‌ಗೆ ಕೆಚಪ್ ಇಲ್ಲೇ ಇಟ್ಟಿರ್ಲಾ?" ಅಂದ. ಸತ್ತೋರಿಗೆ ಎಡೆ ಇಡೋದು ನಮ್ಮಲ್ಲೂ ಇದೆ. ಆದ್ರೆ ಎಡೆ ಜೊತೆ ಕೆಚಪ್ ಬೇಕಾ ಅಂತ ನಮ್ಮ ಪುರೋಹಿತ್ರು ಯಾವತ್ತೂ ಕೇಳಿಲ್ಲ.

ಹುಲ್ಲಿನ ಮೇಲೆ ಹಾಜರಿ

ಮಾರನೇ ಬೆಳಿಗ್ಗೆ ನಾವಿನ್ನೂ ರೂಮಲ್ಲಿದ್ವಿ, ಕೋಟೆ ಪೂರ್ತಿ ಗಂಟೆ ಹೊಡ್ಕೊಳ್ಳೋಕೆ ಶುರುವಾಯ್ತು. ಕಿವಿ ತೂತಾಗೋ ಹಂಗೆ. ಬೆಂಕಿ ಬೆಂಕಿ ಅಂತ ಎಲ್ರೂ ಇಳಿದು ಕಂದಕದ ಹುಲ್ಲಿಗೆ ಓಡಿದ್ವಿ. ದೊಡ್ಡ ದೊಡ್ಡ ಮನುಷ್ಯರೆಲ್ಲ ನಿಲುವಂಗೀಲಿ, ಬರೀ ಕಾಲಲ್ಲಿ. ನಾನು ನೈಟಿ, ಮೇಲೆ ಸ್ವೆಟರು, ಅದರ ಮೇಲೆ ಮಾನಕ್ಕೆ ಅಂತ ಒಂದು ದುಪಟ್ಟ. ಎಲ್ರೂ ನಮ್ಮಿಬ್ಬರನ್ನೇ ನೋಡಿದ್ರು, ಇವರೇ ಒಗ್ಗರಣೆ ಹಾಕಿರ್ತಾರೆ ಅಂತ. ಆಮೇಲೆ ಗೊತ್ತಾಯ್ತು, ಅಡುಗೆಮನೇಲಿ ಬ್ರೆಡ್ಡು ಹತ್ಕೊಂಡು ಉರಿದಿತ್ತಂತೆ. ಆದ್ರೆ ಆಗ ಯಾರಿಗೂ ಗೊತ್ತಿಲ್ಲ, ಕಿಟಕಿಯಿಂದ ಹೊಗೆ ಬರ್ತಾ ಇದೆ, ಫೈರ್ ಇಂಜಿನ್ ಬಂದು ನಿಂತಿದೆ.

ಮ್ಯಾನೇಜರು, ಕೋಟು ಟೈ ಹಾಕಿದ್ದ ಸಣಕಲ, ನಡುಗ್ತಾ ನಡುಗ್ತಾ ಹಾಜರಿ ಕೂಗ್ದ. ಎಲ್ರೂ "ಹಿಯರ್" "ಹಿಯರ್" ಅಂದ್ರು. ಕೊನೇಲಿ ಒಂದು ಹೆಸರು ಉಳೀತು.

"ಮಿಸ್ಟರ್ ಟಿಪ್ಪಿ ಸ್ವಾಮಿ?"

ಭಾವ. ತಿಪ್ಪೇಸ್ವಾಮಿ.

"ಮಿಸ್ಟರ್ ಟಿಪ್ಪಿ ಸ್ವಾಮಿ!" ಅಂತ ಇನ್ನೂ ಜೋರಾಗಿ ಕೂಗ್ದ. ಕೋಟೆ ಗೋಡೆಗೆ ಹೊಡೆದು ಹೆಸರು ವಾಪಸ್ ಬಂತು. ಯಾರೂ ಹಿಯರ್ ಅನ್ನಲಿಲ್ಲ.

ಕೆಂಚುಕೂದ್ಲು ಹುಡುಗಿ, "ನಾನು ಮನೆಗೆ ಹೋದ್ಮೇಲೆ ಬಂದಿರ್ಬೇಕು!" ಅಂತ ಕಿರುಚಿದ್ಲು. ಮ್ಯಾನೇಜರು ಓಡಿ ಬಂದು ಅಕ್ಕನ ಎದುರು ನಿಂತ. "ಮೇಡಂ, ಎಲ್ಲಿ ನಿಮ್ಮ ಯಜಮಾನ್ರು?"

ಅಕ್ಕನ ಬಾಯಿಂದ ಬಂದಿದ್ದು ಅದೇ ಮಾತು. "ಹಿ ವೆಂಟ್."

"ವೆಂಟ್? ವಾಪಸ್ ಒಳಗೆ ಹೋದ್ರಾ?!"

ಅಷ್ಟೇ ಸಾಕಾಯ್ತು. ಫೈರ್‌ನೋರಲ್ಲಿ ಒಬ್ಬ ಮುಂದೆ ಬಂದ. ಐವತ್ತು ದಾಟಿದೋನು, ಥೇಟ್ ಭಾವನ ಥರ ಹೊಟ್ಟೆ. ಬೆನ್ನಿಗೆ ಗಾಳಿ ಸಿಲಿಂಡರು ಕಟ್ಕೊಂಡು, ಮುಖಕ್ಕೆ ಮುಸುಕು ಹಾಕೊಂಡು, ಕೊಡಲಿ ಹಿಡ್ಕೊಂಡು ಮೆಟ್ಲು ಕಡೆ ಹೊರಟ. ನಾನು "ಸಾರ್ ಸಾರ್" ಅಂತಿದೀನಿ, ಆ ಗಂಟೆ ಗಲಾಟೇಲಿ ಯಾರು ಕೇಳ್ತಾರೆ? ಅಕ್ಕ ಆ ಹೊಟ್ಟೇನೇ ನೋಡ್ತಾ ನಿಂತಿದ್ರು. ಅವನು ಹೊಗೆಯೊಳಗೆ ಕಾಲಿಡ್ಬೇಕು, ಅಷ್ಟರಲ್ಲಿ ಅಕ್ಕ ಓಡಿದ್ರು. ಮಂಡಿ ನೋವು ಅಂತ ಕಾಸ್ಟ್‌ಕೋ ಅಂಗಡೀಲಿ ಗಾಡಿ ಹಿಡ್ಕೊಂಡು ನಡೆಯೋ ಹೆಂಗಸು! ಓಡಿ ಹೋಗಿ ಅವನ ಕೋಟು ಹಿಂದಿಂದ ಎರಡೂ ಕೈಯಲ್ಲಿ ಹಿಡ್ಕೊಂಡ್ರು.

"ಹೋಗ್ಬೇಡ ಕಣಪ್ಪಾ! ಒಳಗೆ ಯಾರೂ ಇಲ್ಲ! ನಿನ್ನ ಹೆಂಡ್ತಿ ಕಾಯ್ತಿರ್ತಾಳೆ, ಹೋಗ್ಬೇಡ! ಸತ್ತೋದ್ರು! ನಮ್ಮನೆಯವ್ರು ಸತ್ತೋದ್ರು!"

ಅವನು ತಿರುಗಿದ. ಒಂದಕ್ಷರ ಅರ್ಥ ಆಗಿಲ್ಲ. ಅಕ್ಕ ಉಸಿರು ಎಳ್ಕೊಂಡು ಇಂಗ್ಲಿಷಲ್ಲಿ ಕಿರುಚಿದ್ರು. "ಡೆಡ್! ಮೈ ಹಸ್ಬೆಂಡ್ ಈಸ್ ಡೆಡ್! ಇನ್ ಕೆನಡಾ! ಇನ್ ವಿಂಟರ್! ಐ ಸಾ!"

ಮ್ಯಾನೇಜರು ಎದೆ ಮೇಲೆ ಎರಡೂ ಕೈ ಇಟ್ಕೊಂಡು, ಆಕಾಶ ನೋಡಿ, ಇಡೀ ಊರಿಗೆ ಕೇಳೋ ಹಂಗೆ ಅಂದ:

"ಓ, ಥ್ಯಾಂಕ್ ಗಾಡ್!"

ತಾನು ಏನಂದೆ ಅಂತ ಅವನಿಗೆ ಆಮೇಲೆ ತಿಳೀತು. ಮುಖ ಬೀಟ್‌ರೂಟಾಯ್ತು, ಕೈ ಬಾಯಿಗೆ ಹೋಯ್ತು. ಅಕ್ಕ ಅವನನ್ನೇ ದುರುಗುಟ್ಕೊಂಡು ನೋಡಿದ್ರು. ಮುಗೀತು, ಇವತ್ತು ಈ ಸಣಕಲನ ಕತೆ ಮುಗೀತು ಅಂದ್ಕೊಂಡೆ.

ಅಕ್ಕನ ಹೊಟ್ಟೆಯಿಂದ ಏನೋ ಎದ್ದು ಬಂತು. ಮೊದ್ಲು ಕೆಮ್ಮು ಅಂದ್ಕೊಂಡೆ. ನಗು! ನಕ್ಕು ನಕ್ಕು ಮಂಡಿ ಮಡಚಿ ಹುಲ್ಲಿನ ಮೇಲೆ ಕುಸಿದ್ರು, ಹಂಗೆ ನಗ್ತಾನೇ ಅಳು ಶುರುವಾಯ್ತು. ಚಳಿಗಾಲದಿಂದ ಕಟ್ಟಿಟ್ಟಿದ್ದೆಲ್ಲ ಆ ಕಂದಕ ತುಂಬೋ ಹಂಗೆ ಹರೀತು. ಫೈರ್‌ನೋನು ಟೋಪಿ ತೆಗೆದು ಪಕ್ಕದಲ್ಲಿ ಕೂತ. ನಾನೂ ಕೂತೆ, ನಾನೂ ಅತ್ತೆ, ಭಾವನ ಸೀನು ನೆನೆಸ್ಕೊಂಡು.

ಎಷ್ಟೋ ಹೊತ್ತಾದ್ಮೇಲೆ ಅಕ್ಕ ನನ್ನ ದುಪಟ್ಟದಲ್ಲಿ ಮೂಗು ಒರೆಸ್ಕೊಂಡು, ಇನ್ನೂ ಕೈ ಬಾಯಿ ಮೇಲೇ ಇಟ್ಕೊಂಡು ನಿಂತಿದ್ದ ಮ್ಯಾನೇಜರ್ ಕಡೆ ಗದ್ದ ತೋರಿಸಿದ್ರು.

"ಎಲ್ರೂ ಬಂದು ಸಾರಿ ಸಾರಿ ಅಂದ್ರು ಕಣೇ. ನಮ್ಮನೆಯವ್ರು ಸತ್ತಿದ್ದು ಕೇಳಿ ದೇವ್ರಿಗೆ ಥ್ಯಾಂಕ್ಸ್ ಹೇಳಿದೋನು ಇವನೊಬ್ನೇ!"