ಡಿಸ್ಕ್ ಬಂದ್ ಮಾಡ್ರಿ

ಸಿಟ್ಟಿಗೂ ಒಂದು ಶಿಸ್ತು ಇರಬೇಕೆಂದು ನಂಬಿದವನು ನಾನು. ಜೀವಮಾನವೆಲ್ಲ ಸ್ಟೇಷನ್ ಮಾಸ್ತರನಾಗಿ ದುಡಿದವನಿಗೆ ಬೇರೆ ಯಾವ ನಂಬಿಕೆ ಬಂದೀತು? ಕಾರಣವಿಲ್ಲದೆ ಸಿಟ್ಟಾಗಬಾರದು, ಸಿಟ್ಟಾದರೆ ಯಾರ ಮೇಲೆ ಎಂಬುದು ಖಚಿತವಿರಬೇಕು, ಊಟದ ಹೊತ್ತಿಗೆ ಮುಗಿದಿರಬೇಕು. ನನ್ನ ಹೆಂಡತಿ ಇದನ್ನು ಒಪ್ಪುವುದಿಲ್ಲ. "ನಿಮ್ಮ ಸಿಟ್ಟಿಗೆ ಊಟದ ಸೂಟಿ ಯಾವಾಗ ಕೊಟ್ಟೀರಿ? ಅದು ಇಪ್ಪತ್ನಾಲ್ಕು ತಾಸಿನ ಡ್ಯೂಟಿ" ಎನ್ನುತ್ತಾಳೆ. ಇರಲಿ. ಆದರೆ ಹಪ್ಪಳದಷ್ಟು ಅಗಲದ, ನಡುವೆ ತೂತಿರುವ, ಹೊಳೆಯುವ ಒಂದು ತಟ್ಟೆ ನನ್ನ ಈ ಮೂರೂ ನಿಯಮಗಳನ್ನು ಮುರಿಸಿತು. ಒಂದು ತಿಂಗಳು ನಾನು ಬೆಳಗಿನ ಸ್ನಾನಕ್ಕೆ ಮೊದಲೇ ಸಿಟ್ಟಾಗುತ್ತಿದ್ದೆ, ಮತ್ತು ಯಾರ ಮೇಲೆ ಎಂಬುದು ನನಗೇ ತಿಳಿಯುತ್ತಿರಲಿಲ್ಲ.

ನಡೆದದ್ದು ಇಷ್ಟು. ಚಿತ್ತಾಪುರದಲ್ಲಿರುವ ನನ್ನ ಅಕ್ಕ ಸುಶೀಲಕ್ಕನ ಮೊಮ್ಮಗಳಿಗೆ ಸೇಡಮದ ಕಡೆ ಸಂಬಂಧ ಕೂಡಿತು. ನಮ್ಮ ಮನೆತನದಲ್ಲಿ ಬೀಗರ ಹಾಡಿಲ್ಲದೆ ಮದುವೆ ಮುಗಿಯುವುದಿಲ್ಲ. ಗಂಡಿನ ಕಡೆಯವರು ಎಲೆಯ ಮುಂದೆ ಕುಳಿತಾಗ ಹೆಣ್ಣಿನ ಕಡೆಯ ಹೆಂಗಸರು ಅವರ ಮೀಸೆ, ಹೊಟ್ಟೆ, ಸೀರೆ, ಹಸಿವು ಎಲ್ಲವನ್ನೂ ಹಾಡಿನಲ್ಲಿ ಹಿಡಿದು ಜಗ್ಗಬೇಕು, ಅವರು ನಗುತ್ತ ಉಣ್ಣಬೇಕು. ಈ ಹಾಡಿನಲ್ಲಿ ನಮ್ಮ ಅವ್ವನನ್ನು ಮೀರಿಸಿದವರಿರಲಿಲ್ಲ. ಆದರೆ ಅವಳು ಒಂದು ಸಾಲನ್ನೂ ಬರೆದಿಡಲಿಲ್ಲ. ಕೇಳಿದರೆ "ಬಾಯಾಗ ಇದ್ದದ್ದನ್ನ ಬುಕ್ಕಿನಾಗ ಯಾಕ ತುರುಕಬೇಕು?" ಎನ್ನುತ್ತಿದ್ದಳು. ಅವಳು ಹೋಗಿ ಐದಾರು ವರ್ಷವಾದ ಮೇಲೆ ನೋಡಿದರೆ ಅಕ್ಕನಿಗೆ ಧಾಟಿ ನೆನಪಿದೆ, ನುಡಿಗಳಿಲ್ಲ. ಅವ್ವ ಕೊನೆಯ ಸಲ ಆ ಹಾಡನ್ನು ಪೂರ್ತಿ ಹಾಡಿದ್ದು ನನ್ನ ಮಗಳ ಮದುವೆಯಲ್ಲಿ. ಅದರ ವಿಡಿಯೊ ಕ್ಯಾಸೆಟ್ಟು ನನ್ನ ಕಪಾಟಿನಲ್ಲಿತ್ತು, ಅಂಚಿಗೆ ಬಿಳಿ ಬೂಸು ಹಿಡಿದು.

"ಗೋವಿಂದಾ, ಅದನ್ನ ಸಿ.ಡಿ. ಮಾಡಿ ಕೊಡೋ" ಎಂದಳು ಅಕ್ಕ. "ನಮ್ಮನ್ಯಾಗ ಕ್ಯಾಸೆಟ್ಟಿನ ಮಶೀನ್ ಇಲ್ಲ, ಸಿ.ಡಿ.ದು ಅದ. ದಿನಾ ಹಚ್ಚಿ ಕೇಳಿ ಕಲ್ತ್ಕೋತೀನಿ. ಮದುವಿಗೆ ತಿಂಗಳೊಪ್ಪತ್ತು ಅದ."

ಶಹಾಬಾದದಲ್ಲಿ ಖಾಜಾಸಾಬರ ವಿಡಿಯೊ ಅಂಗಡಿಗೆ ಒಯ್ದೆ. ನಲವತ್ತು ದಾಟಿದ ಸಭ್ಯ ಮನುಷ್ಯ. ಎರಡು ದಿನದಲ್ಲಿ ಕ್ಯಾಸೆಟ್ಟನ್ನೂ ಸಿ.ಡಿ.ಯನ್ನೂ ಕೈಗಿಟ್ಟರು. ಅಲ್ಲಿಯೇ ಹಾಕಿಸಿ ನೋಡಿದೆ. ಅವ್ವ ಹಾಡುತ್ತಿದ್ದಾಳೆ, ಆದರೆ ಅವಳ ಬಾಯಿ ಮುಚ್ಚಿದ ಮೇಲೂ ಹಾಡು ನಡೆದೇ ಇದೆ. ಹಾಡು ನಿಂತಾಗ ಬಾಯಿ ತೆರೆದಿದೆ. ಗಾಡಿ ಹೋದ ಮೇಲೆ ಗಂಟೆ ಹೊಡೆದ ಹಾಗೆ. ನನ್ನ ಅವ್ವನನ್ನು ನಾನು ಹಾಗೆ ನೋಡಲಾರೆ.

"ಸೆಕೆಂಡಿಗೆ ಇಪ್ಪತ್ತೈದು ಫೋಟೋ ಹಚ್ಚಬೇಕಿತ್ತರಿ ಮಾಸ್ತರ್ ಸಾಬ್, ಮಶೀನ್ ಅಮೆರಿಕಾದ ಲೆಕ್ಕದಾಗ ಮೂವತ್ತು ಹಚ್ಚ್ಯಾದ. ಹೊಳ್ಳಿ ಮಾಡಿ ಕೊಡ್ತೀನಿ, ಕುಂದ್ರಿ" ಎಂದರು ಖಾಜಾಸಾಬ್.

ಕುಳಿತುಕೊಳ್ಳುವ ಮನುಷ್ಯನೇ ನಾನು? ಒಂದು ಕೆಲಸವನ್ನು ಎರಡು ಸಲ ಮಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಆ ಡಿಸ್ಕನ್ನು ಅವರ ಮೇಜಿನ ಮೇಲೆಯೇ ಎರಡು ತುಂಡು ಮಾಡಿದೆ. ನಾನೇ ಮಾಡುತ್ತೇನೆ ಎಂದು ಹೇಳಿ ಎದ್ದೆ. ನಿವೃತ್ತನಾದ ಮೇಲೆ ಕಂಪ್ಯೂಟರ್ ಕಲಿತು, ಡಿಸ್ಕ್ ಬರೆಯುವ ರೈಟರ್ ಸಹಿತ ಒಂದನ್ನು ಮನೆಯಲ್ಲಿ ಇಟ್ಟುಕೊಂಡಿದ್ದೆನಲ್ಲ, ಆ ಸೊಕ್ಕು. ಖಾಜಾಸಾಬ್ ತುಂಡುಗಳನ್ನು ಕಾಗದದಲ್ಲಿ ಸುತ್ತಿ ಬದಿಗಿಟ್ಟರು. ಮೆಟ್ಟಿಲಿಳಿಯುವಾಗ ಹಿಂದಿನಿಂದ ಕೂಗಿ ಹೇಳಿದರು: "ಒಂದ್ ಮಾತು ಮರೀಬ್ಯಾಡ್ರಿ. ಕಡೀಕ ಡಿಸ್ಕ್ ಬಂದ್ ಮಾಡ್ರಿ."

ನನ್ನೂರು ವಾಡಿಗೆ ಬಂದು ಕೆಲಸಕ್ಕೆ ನಿಂತೆ. ಪಕ್ಕದ ಮನೆಯಿಂದ ಕ್ಯಾಸೆಟ್ಟಿನ ಮಶೀನ್ ತಂದು, ಟಿ.ವಿ.ಗೆ ಹಚ್ಚಿ, ಕಂಪ್ಯೂಟರಿಗೆ ಚಿತ್ರದ ತಂತಿ ಜೋಡಿಸಿದೆ. ಧ್ವನಿಯ ತಂತಿಯ ಮೂತಿ ಮಾತ್ರ ಕೂಡಲಿಲ್ಲ. ಅದಕ್ಕೆ ಕಂಪ್ಯೂಟರಿನ ಜೊತೆ ಬಂದಿದ್ದ ಮೈಕನ್ನು ಟಿ.ವಿ.ಯ ಮುಂದೆ ಸ್ಟೂಲಿನ ಮೇಲೆ ನಿಲ್ಲಿಸಿದೆ. ಮನೆಯಲ್ಲಿ ಸಂಪೂರ್ಣ ಮೌನವೆಂದು ಆಜ್ಞೆ ಹೊರಡಿಸಿದೆ. ಫ್ಯಾನ್ ನಿಲ್ಲಿಸಿದೆ. ಕುಕ್ಕರ್ ಇಳಿಸಿದೆ. ಹೆಂಡತಿಯನ್ನು ಅಡುಗೆಮನೆಯಲ್ಲಿ ಕೂಡಿಸಿದೆ. ಆದರೂ ನಡುವೆ ಅವಳು ಡಬ್ಬಿಯ ಮುಚ್ಚಳ ಸಪ್ಪಳ ಮಾಡಿದಳು. ತಕ್ಕ ಮಾತು ಆಡಿ ಸುಮ್ಮನಾಗಿಸಿದೆ. ಕಂಪ್ಯೂಟರಿಗೆ ಇಳಿಸುವ ಕೆಲಸವೇನೋ ಪೂರ್ತಿಯಾಯಿತು. ಹಿಂದಕ್ಕೆ ಸುತ್ತುವಾಗ ಮಶೀನು ಕ್ಯಾಸೆಟ್ಟಿನ ಪಟ್ಟಿಯನ್ನು ಒಳಗೆಳೆದುಕೊಂಡು ಶ್ಯಾವಿಗೆ ಮಾಡಿ ಹೊರಗೆ ಹಾಕಿತು. ಇನ್ನು ಅವ್ವನ ಹಾಡು ಇರುವುದು ನನ್ನ ಕಂಪ್ಯೂಟರಿನಲ್ಲಿ ಮಾತ್ರ. ಅದನ್ನು ನಾನು ಆಗ ಯಾರಿಗೂ ಹೇಳಲಿಲ್ಲ.

ಮುಂದಿನದು ಪರಿವರ್ತನೆ. ಚಿತ್ರದ ಅಗಲ ಮುನ್ನೂರ ಐವತ್ತೆರಡು ಚುಕ್ಕಿ, ಎತ್ತರ ಇನ್ನೂರ ಎಂಬತ್ತೆಂಟು, ಸೆಕೆಂಡಿಗೆ ಇಪ್ಪತ್ತೈದು ಫೋಟೋ. ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹಾಗೆಯೇ ಮಾಡಿದೆ. ಕಂಪ್ಯೂಟರು ಮೂರು ತಾಸು ಬೇಯಿಸಿತು. ಎರಡು ಸಲ ಅರ್ಧಕ್ಕೆ ಕರೆಂಟು ಹೋಗಿ ಮತ್ತೆ ಮೊದಲಿನಿಂದ ಬೇಯಿಸಿತು. ಡಿಸ್ಕ್ ಬರೆದು ಅದೇ ಕಂಪ್ಯೂಟರಿನಲ್ಲಿ ಹಾಕಿ ನೋಡಿದೆ: ಅವ್ವನ ಬಾಯಿ ಮತ್ತು ಹಾಡು ಕೈಹಿಡಿದು ನಡೆದಿದ್ದವು. ಡಬ್ಬಿಯಲ್ಲಿಟ್ಟು, ಖಾಜಾಸಾಬರು ಹೇಳಿದಂತೆ ಟಕ್ ಎನ್ನುವ ಹಾಗೆ ಬಂದ್ ಮಾಡಿದೆ. ಧೂಳಿನ ಊರು ನಮ್ಮದು. ಆ ಮನುಷ್ಯ ತಿಳಿದೇ ಹೇಳಿದ್ದಾನೆ ಎಂದುಕೊಂಡೆ. ಪ್ಯಾಸೆಂಜರ್ ಹಿಡಿದು ಚಿತ್ತಾಪುರಕ್ಕೆ ಹೋದೆ.

ಅಕ್ಕನ ಮಶೀನಿನಲ್ಲಿ ಹಾಕಿದರೆ ಅದು ಗುರ್ರ್ ಎಂದು ತಿರುಗಿ, ನಿಂತು, ಹಸಿರು ಅಕ್ಷರದಲ್ಲಿ "ನೋ ಡಿಸ್ಕ್" ಎಂದು ಬರೆಯಿತು.

ಈ ಎರಡು ಪದಗಳ ಮೇಲೆ ನನಗಿರುವ ಸಿಟ್ಟು ಇಂದಿಗೂ ಆರಿಲ್ಲ. ಡಿಸ್ಕ್ ಕೆಟ್ಟಿದೆ ಎನ್ನು, ಒಪ್ಪುತ್ತೇನೆ. ನನಗೆ ಓದಲು ಬರುವುದಿಲ್ಲ ಎನ್ನು, ಕನಿಕರಪಡುತ್ತೇನೆ. ನನ್ನ ಕೈಯಿಂದ ನಾನೇ ಒಳಗಿಟ್ಟ ವಸ್ತುವನ್ನು ಇಲ್ಲವೇ ಇಲ್ಲ ಎನ್ನುವುದೆಂದರೇನು? ಪ್ಲಾಟ್‌ಫಾರ್ಮಿಗೆ ಹತ್ತಿ ನಿಂತ ಗಾಡಿಯನ್ನು ತೋರಿಸಿ ನನ್ನ ಕೈಕೆಳಗಿನ ಪಾಯಿಂಟ್ಸ್‌ಮನ್ "ಗಾಡಿ ಬಂದಿಲ್ಲ ಸರ" ಎಂದಿದ್ದರೆ ಅವನಿಗೆ ಅದೇ ದಿನ ನೋಟೀಸು ಕೊಡುತ್ತಿದ್ದೆ. ಈ ಮಶೀನಿಗೆ ಯಾರು ನೋಟೀಸು ಕೊಡಬೇಕು?

"ಅದಕ್ಯಾಕ ಬೈತೀಯೋ, ಅದು ಕಣ್ಣಿಗೆ ಕಂಡದ್ದು ಹೇಳ್ತದ" ಎಂದಳು ಅಕ್ಕ.

ಮನೆಗೆ ಬಂದು ಗಾತ್ರ ಬದಲಿಸಿ ಬರೆದೆ. ನೋ ಡಿಸ್ಕ್. ಬರೆಯುವ ವೇಗ ತಗ್ಗಿಸಿದೆ. ನೋ ಡಿಸ್ಕ್. ಬೇರೆ ಬಣ್ಣದ ಬೆನ್ನಿನ ಡಿಸ್ಕ್ ತಂದೆ, ಧ್ವನಿಯ ಮಟ್ಟ ಬದಲಿಸಿದೆ, ಒಂದು ಸಲ ಏನನ್ನೂ ಬದಲಿಸದೆ ಬರೀ ಸ್ನಾನ ಮಾಡಿ ಮಡಿಯಲ್ಲಿ ಬರೆದೆ. ಎಲ್ಲವೂ ನನ್ನ ಮನೆಯಲ್ಲಿ ನಡೆಯುತ್ತಿದ್ದವು, ಚಿತ್ತಾಪುರದಲ್ಲಿ ಇಲ್ಲವಾಗುತ್ತಿದ್ದವು. ಏಳು ಸಲ ಆ ಪ್ಯಾಸೆಂಜರ್ ಹತ್ತಿದೆ. ಮದುವೆಗೆ ಎಂಟು ದಿನ ಉಳಿದಾಗ ಅಕ್ಕ ನನ್ನ ಕೈಯಿಂದ ಡಬ್ಬಿಯನ್ನು ಇಸಿದುಕೊಳ್ಳಲಿಲ್ಲ. "ಸಾಕು ಬಿಡೋ. ಅವ್ವನ ಹಾಡು ಅವ್ವನ ಜೋಡೀನ ಹೋಯ್ತು ಅಂತ ತಿಳ್ಕೋತೀನಿ" ಎಂದು ಅಕ್ಕಿ ಆರಿಸಲು ಕುಳಿತಳು. ತಲೆ ಎತ್ತಲಿಲ್ಲ. ಅವಳು ಬೈದಿದ್ದರೆ ನಾನು ತಿರುಗಿ ಬೈಯಬಹುದಿತ್ತು.

ಅಲ್ಲಿಂದ ನೆಟ್ಟಗೆ ಶಹಾಬಾದಕ್ಕೆ ಹೋದೆ. ಏಳು ಡಿಸ್ಕುಗಳನ್ನೂ ಖಾಜಾಸಾಬರ ಮೇಜಿನ ಮೇಲೆ ಪೇರಿಸಿ, ನೋಟ್‌ಬುಕ್ ಬಿಚ್ಚಿ, ನನ್ನಲ್ಲಿ ತಪ್ಪಿದ್ದರೆ ತೋರಿಸಿ ಎಂದೆ.

ಅವರು ಒಂದನ್ನು ತಮ್ಮ ರೈಟರಿನಲ್ಲಿ ಹಾಕಿ ನೋಡಿ, "ಎಲ್ಲಾ ಬರಾಬರ್ ಅದರಿ. ಬಂದ್ ಮಾಡಿಲ್ಲ, ಅಷ್ಟೇ" ಎಂದರು.

"ಏಳಕ್ಕೆ ಏಳೂ ಬಂದ್ ಮಾಡೀನಿ" ಎಂದು ಡಬ್ಬಿಯೊಂದನ್ನು ಅವರ ಮುಖದ ಮುಂದೆ ತೆರೆದು ಟಕ್ಕೆಂದು ಮುಚ್ಚಿ ತೋರಿಸಿದೆ.

ಖಾಜಾಸಾಬ್ ನನ್ನ ಕೈಯಿಂದ ಡಬ್ಬಿ ಇಸಿದುಕೊಂಡು ಬದಿಗಿಟ್ಟರು. ಆಮೇಲೆ ಮೆಲ್ಲಗೆ, "ಡಬ್ಬಿ ಅಲ್ರೀ ಮಾಸ್ತರ್ ಸಾಬ್, ಡಿಸ್ಕ್. ಬರಿಯೋದು ಮುಗೀತು ಅಂತ ಕಂಪ್ಯೂಟರ್‌ನ್ಯಾಗ ಒಂದು ಗುರ್ತು ಹಾಕಬೇಕು. ಬಂದ್ ಆಗದ ಡಿಸ್ಕ್ ಬರಿಯೋ ಮಶೀನಿಗಷ್ಟೇ ಕಾಣ್ತದ, ಬರೇ ಹಾಡಿಸೋ ಮಶೀನಿಗೆ ಕಾಣಂಗಿಲ್ಲ. ಕಂಪ್ಯೂಟರ್ ಕೇಳಿಲ್ಲೇನ್ರಿ ನಿಮಗ?" ಎಂದರು.

ಕೇಳಿತ್ತು. ಪ್ರತಿ ಸಲವೂ ಕೇಳಿತ್ತು: ಡಿಸ್ಕನ್ನು ಮುಚ್ಚಲೇ, ಮುಚ್ಚಿದ ಮೇಲೆ ಅದರೊಳಗೆ ಮತ್ತೇನೂ ಹೋಗದು, ಎಂದು. ಏಳು ಸಲವೂ ನಾನು ಬೇಡವೆಂದಿದ್ದೆ. ಲೈನ್ ಬಂದ್ ಎಂದರೆ ಆ ಲೈನಿಗೆ ಯಾವ ಗಾಡಿಯನ್ನೂ ತೆಗೆದುಕೊಳ್ಳಬಾರದು. ಇದು ನನ್ನ ರಕ್ತದಲ್ಲಿರುವ ಪಾಠ. ಅಕ್ಕನ ಮಶೀನು ಒಳಗೆ ಹೋಗಿ ಓದಬೇಕಾದ ಡಿಸ್ಕನ್ನು ನಾನೇ ಬಂದ್ ಮಾಡಿದರೆ ಅದು ಹೋಗುವುದಾದರೂ ಹೇಗೆ ಎಂದು ಬುದ್ಧಿವಂತಿಕೆಯಿಂದ ತೆರೆದೇ ಇಟ್ಟಿದ್ದೆ. ಖಾಜಾಸಾಬರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಅಲ್ಲಿಯೇ ಒಂದು ಡಿಸ್ಕನ್ನು ಬಂದ್ ಮಾಡಿ ಕೊಟ್ಟರು. ಎರಡು ನಿಮಿಷದ ಕೆಲಸ.

ಮರುದಿನ ಚಿತ್ತಾಪುರದಲ್ಲಿ ಅವ್ವ ಪರದೆಯ ಮೇಲೆ ಬಂದಳು. ಅಕ್ಕ ಸೆರಗನ್ನು ಬಾಯಿಗೆ ಹಿಡಿದು ಕುಳಿತಳು. ಮೊದಲ ನುಡಿ ಬೀಗರ ಮೀಸೆಯ ಮೇಲೆ, ಎರಡನೆಯದು ಬೀಗಿತಿಯ ಸೀರೆಯ ಮೇಲೆ. ಮೂರನೆಯದಕ್ಕೆ ಅವ್ವ ಬಾಯಿ ತೆರೆದಳು. ಬಂದದ್ದು ನನ್ನ ಧ್ವನಿ. "ಸುಮ್ಮನಿರು ಅಂದ್ರ ತಿಳಿಯಂಗಿಲ್ಲೇನು? ಡಬ್ಬಿ ಯಾಕ ಮುಟ್ತಿ? ಇಲ್ಲಿ ಅವ್ವ ಹಾಡ್ಲಿಕತ್ತಾಳ, ಒಂದು ಹತ್ತು ನಿಮಿಷ ಬಾಯಿ, ಕೈ, ಎಲ್ಲಾ ಬಂದ್ ಮಾಡಿ ಕೂಡು!" ಅವ್ವನ ತುಟಿ ಅಲುಗುತ್ತಿತ್ತು, ನಾನು ಒದರುತ್ತಿದ್ದೆ. ಮುಚ್ಚಳದ ಸಪ್ಪಳ ಎಲ್ಲಿಯೂ ಕೇಳಲಿಲ್ಲ. ನನ್ನ ಒದರಾಟ ಮುಗಿದಾಗ ನುಡಿಯೂ ಮುಗಿದಿತ್ತು.

ಏಳು ಸಲ ಪರೀಕ್ಷಿಸಿದವನಿಗೆ ಇದು ಹೇಗೆ ತಿಳಿಯಲಿಲ್ಲ ಎಂದು ನೀವು ಕೇಳಬಹುದು. ಗಾಡಿ ಪೂರ್ತಿ ಬಂತೋ ಇಲ್ಲವೋ ಎಂದು ನೋಡಲು ನಾವು ಎಂಜಿನ್ನನ್ನು ನೋಡುತ್ತೇವೆ, ಕೊನೆಯ ಡಬ್ಬಿಯ ಹಿಂದಿನ ಗುರುತನ್ನು ನೋಡುತ್ತೇವೆ. ಎರಡೂ ಇದ್ದರೆ ನಡುವಿನ ಡಬ್ಬಿಗಳೆಲ್ಲ ಇದ್ದಂತೆಯೇ. ನಾನು ಏಳು ಸಲವೂ ಮೊದಲ ನಿಮಿಷ ನೋಡಿದ್ದೆ, ಕೊನೆಯ ನಿಮಿಷ ನೋಡಿದ್ದೆ. ಮೂರನೆಯ ನುಡಿ ಸ್ವಚ್ಛವಾಗಿ ಇದ್ದ ಒಂದೇ ಒಂದು ಡಿಸ್ಕ್ ಖಾಜಾಸಾಬರದು. ಬಾಯಿಗೂ ಹಾಡಿಗೂ ತಾಳವಿಲ್ಲದಿದ್ದರೂ ಪದಗಳಿದ್ದವು. ಅದನ್ನು ಎರಡು ತುಂಡು ಮಾಡಿದವನು ನಾನು. ಖಾಜಾಸಾಬರ ಕಂಪ್ಯೂಟರಿನಲ್ಲಿ ಜಾಗವಿಲ್ಲವೆಂದು ಅವರು ಅಲ್ಲಿದ್ದ ಪ್ರತಿಯನ್ನು ಅಂದೇ ಅಳಿಸಿದ್ದರು. ಕ್ಯಾಸೆಟ್ಟು ಶ್ಯಾವಿಗೆಯಾಗಿತ್ತು. ಒಂದು ತಿಂಗಳಿನಿಂದ ಹುಡುಕುತ್ತಿದ್ದ ಅಪರಾಧಿ ಸಿಕ್ಕಿದ್ದ. ಅವನಿಗೆ ನೋಟೀಸು ಕೊಡುವ ಅಧಿಕಾರಿ ಮಾತ್ರ ಇರಲಿಲ್ಲ.

ಅಕ್ಕನಿಗೆ ಎಲ್ಲವನ್ನೂ ಹೇಳಿದೆ, ತುಂಡು ಮಾಡಿದ್ದನ್ನೂ ಸೇರಿಸಿ. ಅವಳು "ಇನ್ನೊಂದ್ ಸಲ ಹಚ್ಚು" ಎಂದಳು. ಮೂರನೆಯ ನುಡಿ ಬಂದಾಗ ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದುಕೊಂಡೆ. ಆಮೇಲೆ ತಿಳಿಯಿತು, ನಗುತ್ತಿದ್ದಳು.

ಮದುವೆಯ ಊಟದ ಪಂಕ್ತಿಯಲ್ಲಿ ಅಕ್ಕ ಹಾಡಿದಳು. ಮೀಸೆ ಆಯಿತು, ಸೀರೆ ಆಯಿತು. ಬೀಗರು ಮೂರನೆಯದಕ್ಕೆ ತಲೆ ತಗ್ಗಿಸಿ ಸಿದ್ಧರಾದರು. ಅಕ್ಕ ಅವರನ್ನು ಬಿಟ್ಟು ನನ್ನ ಕಡೆ ತಿರುಗಿ, ಅವ್ವನ ಧಾಟಿಯಲ್ಲಿಯೇ ಎತ್ತಿಕೊಂಡಳು:

ಸುಮ್ಮನಿರ್ರಿ ಅಂದನವ್ವ ನಮ್ಮ ತಮ್ಮರಾಯ
ಊರೆಲ್ಲ ಸುಮ್ಮನಾತು, ಮುಚ್ಚಲಿಲ್ಲ ಅವನ ಬಾಯ

ಹೆಣ್ಣಿನ ಕಡೆಯವರು ತಮ್ಮವನನ್ನೇ ಹಾಡಿನಲ್ಲಿ ಹಿಡಿದದ್ದನ್ನು ಸೇಡಮದವರು ಎಂದೂ ಕಂಡಿರಲಿಲ್ಲ. ಎಲೆಯ ಮೇಲಿನ ಅನ್ನ ಬಿಟ್ಟು ನಕ್ಕರು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವಳು ನನ್ನ ಹೆಂಡತಿ. ನನಗೆ ಬಂದ ಸಿಟ್ಟನ್ನು ಎಲ್ಲಿಡಬೇಕೆಂದು ತಿಳಿಯದೆ ಚಪ್ಪರದ ಹೊರಗೆ ಹೋಗಿ ನಿಂತೆ. ವರನ ಸೋದರತ್ತೆ, ಹಾಡುಗಳನ್ನು ಸಂಗ್ರಹಿಸುವ ಹೆಣ್ಣುಮಗಳು, ಒಂದು ನೋಟ್‌ಬುಕ್ ಹಿಡಿದು ಹಿಂದೆಯೇ ಬಂದಳು. "ಅಣ್ಣಾರ, ಅವಸರದಾಗ ಮೂರನೇ ನುಡಿ ತಪ್ಪ್ಯಾದ. ನಮ್ಮ ಕಡೆ ಮದುವ್ಯಾಗ ಹಾಡೋರದೀವಿ. ಒಂದ್ ಸಲ ಹೇಳ್ರಿ, ಬರ್ಕೋತೀನಿ" ಎಂದಳು.

ಹೇಳಿದೆ. ಅವಳು ಬರೆದದ್ದನ್ನು ಇಸಿದುಕೊಂಡು ನೋಡಿದೆ. ಎರಡು ಕಡೆ ಅಕ್ಷರ ತಪ್ಪಿದ್ದವು, ತಿದ್ದಿ ಕೊಟ್ಟೆ.